ಕಿಟ್ ಹಂಚುವುದು ಸುಲಭ, ಸಾಲಿನಲ್ಲಿ ನಿಲ್ಲುವುದು ಕಷ್ಟ

ಭಾನುವಾರ ರೇಷನ್ ಕಿಟ್ ಹಂಚಲು ಬನ್ನಿ ಎಂದರೆ ಜನ ಕಾರು ಮಾಡಿಕೊಂಡು ಬರುತ್ತಾರೆ. ಮಂಗಳವಾರ ಹನ್ನೊಂದು ಗಂಟೆಗೆ ಒಬ್ಬರ ಜೊತೆ ನಾಡಕಚೇರಿಗೆ ಹೋಗಿಬರಬೇಕು ಎಂದರೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಯಾರೂ ಉಸಿರೆತ್ತುವುದಿಲ್ಲ. ಬೆಂಗಳೂರಿನ ಲಗ್ಗೆರೆ, ರಾಜಗೋಪಾಲನಗರದ ಸುತ್ತಮುತ್ತ ನಮ್ಮದೊಂದು ಸಣ್ಣ ಟ್ರಸ್ಟ್ ಇದೆ. ಇಷ್ಟು ವರ್ಷಗಳಲ್ಲಿ ನಾವು ಹೆಣಗಿರುವುದೆಲ್ಲ ಆ ಮಂಗಳವಾರಕ್ಕೆ ಜನರನ್ನು ಹೊಂದಿಸುವುದಕ್ಕೆ.

ನಾನು ಬ್ಯಾಂಕಿನಲ್ಲಿ ದುಡಿದು ನಿವೃತ್ತಳಾದವಳು. 2020ರ ಲಾಕ್‌ಡೌನ್‌ನಲ್ಲಿ ಊರಿನ ಎಷ್ಟೋ ಗುಂಪುಗಳು ಹುಟ್ಟಿಕೊಂಡಂತೆ ನಮ್ಮದೂ ಹುಟ್ಟಿತು. ಪೀಣ್ಯದ ಕಾರ್ಖಾನೆಗಳು, ಗಾರ್ಮೆಂಟ್ಸ್‌ಗಳು ಬಾಗಿಲು ಹಾಕಿದ್ದವು. ಶೀಟಿನ ಮನೆಗಳಲ್ಲಿ, ವಠಾರಗಳಲ್ಲಿ ಬಾಡಿಗೆಗಿದ್ದವರಿಗೆ ಅಕ್ಕಿ ಬೇಳೆ ಕೊಡುವುದೇ ಆಗಿನ ಕೆಲಸ. ಯಶವಂತಪುರದ ಎಪಿಎಂಸಿ ಯಾರ್ಡ್‌ನಿಂದ ಮೂಟೆ ತರಿಸಿ ನಮ್ಮ ಮನೆಯ ಹಜಾರದಲ್ಲಿ ತೂಗಿ ಕಟ್ಟುತ್ತಿದ್ದೆವು.

ಲಾಕ್‌ಡೌನ್ ಮುಗಿದ ಮೇಲೂ ಕಿಟ್ ಕೇಳುವವರು ಬರುತ್ತಲೇ ಇದ್ದರು. ಆಗ ಮನೆ ಮನೆಗೆ ಹೋಗಿ ಕುಳಿತು ಮಾತಾಡತೊಡಗಿದೆವು. ಬಿಪಿಎಲ್ ಕಾರ್ಡ್ ಇದ್ದವರಿಗೆ ಅಕ್ಕಿ ಹೇಗೂ ನ್ಯಾಯಬೆಲೆ ಅಂಗಡಿಯಲ್ಲಿ ಸಿಗುತ್ತದೆ. ಅವರಿಗೆ ಸಾಲದೇ ಬರುವುದು ತೊಗರಿಬೇಳೆ, ಎಣ್ಣೆ, ಸೋಪು, ಹೆಣ್ಣುಮಕ್ಕಳ ಪ್ಯಾಡ್, ಎಲ್ಲಕ್ಕಿಂತ ಮುಖ್ಯವಾಗಿ ಮನೆ ಬಾಡಿಗೆ. ಹಾಗಾಗಿ ಅಂಥವರ ಕಿಟ್‌ನಿಂದ ಅಕ್ಕಿಯನ್ನೇ ತೆಗೆದೆವು. ದಾನಿಗಳಲ್ಲಿ ಕೆಲವರು ಮುಖ ಗಂಟಿಕ್ಕಿದರು. ಅನ್ನದಾನವೆಂದರೆ ಅಕ್ಕಿಯೇ ಆಗಬೇಕು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿ.

ಈಗ ಯಾರ ಮನೆಗೆ ಹೋದರೂ ನಾನು ಮೊದಲು ಕೇಳುವುದು ಕಾಗದ. ಪ್ರತಿ ಮನೆಯಲ್ಲೂ ಒಂದು ಪ್ಲಾಸ್ಟಿಕ್ ಕವರ್ ಇರುತ್ತದೆ, ಬಟ್ಟೆ ಅಂಗಡಿಯದು. ಅದರೊಳಗೆ ಆಧಾರ್, ರೇಷನ್ ಕಾರ್ಡ್, ತಾಯಿ ಕಾರ್ಡ್, ಹಳೆಯ ಪಾಸ್‌ಬುಕ್, ಮಕ್ಕಳ ಟಿಸಿ, ಯಾವುದೋ ಗಿರವಿ ಚೀಟಿ ಎಲ್ಲ ಒಟ್ಟಿಗೆ ಇರುತ್ತವೆ. ಚಾಪೆಯ ಮೇಲೆ ಅದನ್ನು ಸುರಿದು, ಹೆಸರುಗಳನ್ನು ಒಂದಕ್ಕೊಂದು ತಾಳೆ ನೋಡಿದರೆ ಅರ್ಧ ಸಮಸ್ಯೆ ಅಲ್ಲೇ ಕಾಣುತ್ತದೆ. ಆಧಾರ್‌ನಲ್ಲಿ ಲಕ್ಷ್ಮಮ್ಮ, ಪಾಸ್‌ಬುಕ್‌ನಲ್ಲಿ ಲಕ್ಷ್ಮೀದೇವಿ, ಮಗಳ ಶಾಲೆಯ ದಾಖಲೆಯಲ್ಲಿ ಲಕ್ಷ್ಮಿ. ಹೆಂಗಸು ಒಬ್ಬಳೇ, ಕಂಪ್ಯೂಟರ್ ಲೆಕ್ಕದಲ್ಲಿ ಮೂವರು.

ಒಂದು ಉದಾಹರಣೆ ಬಿಡಿಸಿ ಹೇಳುತ್ತೇನೆ. ಯಾದಗಿರಿ ಕಡೆಯ ಕುಟುಂಬ. ಗಂಡ ಗಾರೆ ಕೆಲಸ, ಹೆಂಡತಿ ಗಾರ್ಮೆಂಟ್ಸ್‌ನಲ್ಲಿ ಹೆಲ್ಪರ್. 2023ರ ಆಗಸ್ಟ್‌ನಲ್ಲಿ ಗೃಹಲಕ್ಷ್ಮಿ ಶುರುವಾದಾಗಿನಿಂದ ಆಕೆಗೆ ಒಂದು ಕಂತೂ ಬಂದಿರಲಿಲ್ಲ. ತಿಂಗಳಿಗೆ 2,000 ರೂಪಾಯಿ ಎಂದರೆ ಆ ಮನೆಗೆ ಹಾಲು, ತರಕಾರಿ, ಗ್ಯಾಸ್. ಕಾರ್ಡ್ ತೆಗೆದು ನೋಡಿದರೆ ಮನೆಯ ಯಜಮಾನಿ ಎಂದು ಅತ್ತೆಯ ಹೆಸರಿದೆ; ಅತ್ತೆ ತೀರಿಕೊಂಡು ವರ್ಷದ ಮೇಲಾಗಿದೆ. ಆ ಹಣ ಬರುವುದೇ ಕಾರ್ಡಿನಲ್ಲಿರುವ ಯಜಮಾನಿಯ ಹೆಸರಿಗೆ. ಅತ್ತೆಯ ಹೆಸರು ತೆಗೆಸಲು ಮರಣ ಪ್ರಮಾಣಪತ್ರ ಬೇಕು. ಸಾವು ಎಲ್ಲಿ ಆಯಿತೋ ಅಲ್ಲೇ ನೋಂದಣಿ ಆಗುವುದು, ಅಂದರೆ ಊರಿನಲ್ಲಿ. ಅದಕ್ಕಾಗಿ ಗಂಡ ಊರಿಗೆ ಹೋಗಿ ಬಂದರೆ ಕೂಲಿ ಹೋಗುತ್ತದೆ, ಮೇಸ್ತ್ರಿ ಬೇರೆಯವರನ್ನು ಕರೆದುಕೊಳ್ಳುತ್ತಾನೆ. ನಮ್ಮ ಗುಂಪಿನಲ್ಲಿ ಅದೇ ತಾಲ್ಲೂಕಿನ ಒಬ್ಬ ಆಟೊ ಚಾಲಕರಿದ್ದಾರೆ. ಜಾತ್ರೆಗೆ ಊರಿಗೆ ಹೋದವರು ನೋಂದಣಿ ಆಗಿದ್ದನ್ನು ಖಚಿತ ಮಾಡಿಕೊಂಡು ಪ್ರತಿಯನ್ನು ತಂದುಕೊಟ್ಟರು. ಕಾರ್ಡ್ ತಿದ್ದುಪಡಿಯಾಗಿ, ಇ-ಕೆವೈಸಿಗೆ ಬೆರಳು ಒತ್ತಿ, ಅರ್ಜಿಯೂ ಮಂಜೂರಾಯಿತು. ಆದರೂ ಹಣ ಇಲ್ಲ!

ಇಲ್ಲಿ ನನ್ನ ಬ್ಯಾಂಕಿನ ಅನುಭವ ಕೆಲಸಕ್ಕೆ ಬಂತು. ಸರ್ಕಾರದ ನೇರ ನಗದು ಹೋಗುವುದು ನೀವು ದಿನಾ ಬಳಸುವ ಖಾತೆಗಲ್ಲ, ಬ್ಯಾಂಕುಗಳ ನಡುವಿನ ಪಾವತಿ ನೋಡಿಕೊಳ್ಳುವ ಎನ್‌ಪಿಸಿಐ ಸಂಸ್ಥೆಯ ದಾಖಲೆಯಲ್ಲಿ ಆಧಾರ್‌ಗೆ ಜೋಡಣೆಯಾಗಿರುವ ಖಾತೆಗೆ. ಆಕೆ ನೋಡುತ್ತಿದ್ದುದು ಸಂಬಳದ ಖಾತೆ. ಆಧಾರ್ ಜೋಡಣೆಯಾಗಿದ್ದುದು ಹಿಂದೆಂದೋ ಕ್ಯಾಂಪಿನಲ್ಲಿ ತೆರೆಸಿದ್ದ, ಆಕೆಗೇ ಮರೆತುಹೋದ ಇನ್ನೊಂದು ಖಾತೆ. ಅಲ್ಲಿ ಹಣ ತಣ್ಣಗೆ ಕುಳಿತಿತ್ತು. ಈಗ ನಮ್ಮ ಸ್ವಯಂಸೇವಕರಿಗೆ ಮೊದಲು ಕಲಿಸುವ ಪಾಠವೇ ಇದು: ಹಣ ಬಂದಿಲ್ಲ ಎಂದು ಯಾರಾದರೂ ಹೇಳಿದರೆ, ಕಚೇರಿಯನ್ನು ಬೈಯುವ ಮೊದಲು ಆಧಾರ್ ಯಾವ ಖಾತೆಗೆ ಜೋಡಣೆಯಾಗಿದೆ ಎಂದು ನೋಡಿ.

ಗಾರೆ ಕೆಲಸದವರಿಗೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡ್ ಮಾಡಿಸುವುದೂ ಇಂಥದ್ದೇ ತಲೆನೋವು. ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕೆಲಸ ಮಾಡಿದ್ದಕ್ಕೆ ದೃಢೀಕರಣ ಬೇಕು. ಮೇಸ್ತ್ರಿಗೆ ಸಹಿ ಹಾಕಲು ಭಯ, ನಾಳೆ ಏನಾದರೂ ಆದರೆ ತನ್ನ ಕೊರಳಿಗೆ ಸುತ್ತಿಕೊಳ್ಳುತ್ತದೆ ಎಂದು. ಸಿಮೆಂಟು ಕಲಸಿ ಕಲಸಿ ಬೆರಳಚ್ಚು ಸವೆದವರದು ಬೇರೆಯೇ ಗೋಳು. ಯಂತ್ರ ಹತ್ತು ಬೆರಳನ್ನೂ ಒಲ್ಲೆ ಎನ್ನುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ ನೋಡಿ, ಆಗದಿದ್ದರೆ ಕಣ್ಣಿನ ಸ್ಕ್ಯಾನರ್ ಇದೆಯೇ ಎಂದು ಕೇಳಿ ಎಂದು ಹೇಳಿಕೊಡುತ್ತೇವೆ. ಕೇಳದಿದ್ದರೆ ಯಾರೂ ತಾವಾಗಿ ಹೇಳುವುದಿಲ್ಲ.

ಆಸ್ಪತ್ರೆಯ ವಿಷಯದಲ್ಲಿ ಮಾತ್ರ ಮೊದಲೇ ಹೋಗಿ ಹೇಳಿಟ್ಟಿರುತ್ತೇವೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ, ಆದರೆ ತುರ್ತು ಪ್ರಕರಣ ಬಿಟ್ಟರೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಬೇಕು. ಗಾಬರಿಯಲ್ಲಿ ಪಕ್ಕದ ನರ್ಸಿಂಗ್ ಹೋಮ್‌ಗೆ ಓಡಿ, ತಾಳಿಯ ಗುಂಡನ್ನೂ ಗಿರವಿ ಇಟ್ಟ ಮೇಲೆ ನಮಗೆ ಫೋನ್ ಬಂದರೆ ಮಾಡುವಂಥದ್ದು ಹೆಚ್ಚೇನೂ ಉಳಿದಿರುವುದಿಲ್ಲ.

ಇಷ್ಟಕ್ಕೆಲ್ಲ ಜನ ಎಲ್ಲಿಂದ? "ಸಮಾಜ ಸೇವೆಗೆ ಬನ್ನಿ" ಎಂದು ಕರೆದಾಗ ಬಂದವರು ಎರಡನೇ ತಿಂಗಳು ಇರುವುದಿಲ್ಲ. ಗುರುವಾರ ಹತ್ತರಿಂದ ಒಂದರವರೆಗೆ, ಈ ಅಜ್ಜಿಯ ಜೊತೆ, ಈ ಕಚೇರಿಗೆ ಎಂದು ಗೆರೆ ಕೊರೆದಂತೆ ಕೇಳಿದರೆ ಬರುತ್ತಾರೆ. ಉದ್ಯಾನದಲ್ಲಿ ಬೆಳಗ್ಗೆ ನಡೆಯುವ ನಿವೃತ್ತರು ನಮ್ಮ ಆಧಾರಸ್ತಂಭ; ಅವರಿಗೆ ಬೆಳಗಿನ ಹೊತ್ತು ಬಿಡುವಿದೆ, ಕೌಂಟರ್‌ನ ಆಚೆ ಕುಳಿತವರ ಭಾಷೆಯೂ ಗೊತ್ತು. ಗೃಹಿಣಿಯರು ಇನ್ನೂ ಹೆಚ್ಚು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದದ್ದು ನಮಗೂ ವರವಾಯಿತು: ಕರೆದುಕೊಂಡು ಹೋಗುವವಳಿಗೂ ಹೋಗುವವಳಿಗೂ ಬಿಎಂಟಿಸಿಯಲ್ಲಿ ಟಿಕೆಟ್ ಇಲ್ಲ, ಟ್ರಸ್ಟ್‌ಗೆ ಬಸ್ ಚಾರ್ಜಿನ ಖರ್ಚು ಇಲ್ಲ.

ಗಣೇಶೋತ್ಸವ ಸಮಿತಿಯ ಹುಡುಗರನ್ನು ಬಹಳ ಮಂದಿ ಚಂದಾ ಕೇಳುವವರು ಎಂದು ದೂರ ಇಡುತ್ತಾರೆ. ನಾನು ಅವರ ಬೆನ್ನು ಹತ್ತಿದೆ. ಯಾವ ಮನೆಯಲ್ಲಿ ಕೆಲಸ ಹೋಗಿದೆ, ಯಾರು ಕುಡಿತಕ್ಕೆ ಬಿದ್ದಿದ್ದಾರೆ, ಯಾರ ಮನೆ ಮುಂದೆ ಸಾಲದವರು ನಿಲ್ಲುತ್ತಾರೆ ಎಂಬುದು ಅವರಿಗೆ ಗೊತ್ತಿರುವಷ್ಟು ಯಾವ ಸಮೀಕ್ಷೆಗೂ ಸಿಗದು. 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿದ ಮೇಲೆ ಹೋಗಿ ಕೇಳೋಣವೆಂದರೆ ವಾರ್ಡಿಗೊಬ್ಬ ಕಾರ್ಪೊರೇಟರ್ ಇಲ್ಲದ ಊರಿನಲ್ಲಿ, ಬೀದಿಯ ಸುದ್ದಿ ಈ ಹುಡುಗರ ಬಾಯಲ್ಲೇ.

ಐಟಿ ಕಂಪನಿಗಳವರಿಗೆ ಹಗಲು ಬಿಡುವಿಲ್ಲ. ಸೇವಾ ಸಿಂಧು ಅರ್ಜಿ, ಮಕ್ಕಳ ವಿದ್ಯಾರ್ಥಿವೇತನದ ಅರ್ಜಿ ತುಂಬುವುದನ್ನು ಅವರಿಗೆ ಒಪ್ಪಿಸಿದ್ದೇವೆ; ರಾತ್ರಿ ಹನ್ನೊಂದಕ್ಕೆ ಕುಳಿತು ಮುಗಿಸುತ್ತಾರೆ. ಹಣ ಕೊಡುವವರೂ ಹೆಚ್ಚಾಗಿ ಅವರೇ. 80ಜಿ ರಸೀದಿ ಕೊಡುತ್ತೇವೆ, 2,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ತೆರಿಗೆ ರಿಯಾಯಿತಿ ಸಿಗದು ಎಂದು ಮೊದಲೇ ಹೇಳುತ್ತೇವೆ. ಆದರೆ ಪಡೆಯುವವರ ಫೋಟೊ ಕೊಡುವುದಿಲ್ಲ. ಬೇಳೆ ಪೊಟ್ಟಣ ಹಿಡಿದ ತಾಯಿಯ ಚಿತ್ರ ಅವಳ ಮಗನ ಸಹಪಾಠಿಯ ಮೊಬೈಲ್‌ಗೂ ಬರುತ್ತದೆ. ಈ ಕಾರಣಕ್ಕೆ ಒಂದಿಬ್ಬರು ದಾನಿಗಳು ಬಿಟ್ಟುಹೋದರು. ಹೋಗಲಿ. ಹಾಗೆಯೇ ಹಳೆಯ ಬಟ್ಟೆಯನ್ನೂ ತೆಗೆದುಕೊಳ್ಳುವುದಿಲ್ಲ. ಗುಂಡಿ ಕಿತ್ತ ಅಂಗಿಗಳನ್ನು ವಿಂಗಡಿಸುವುದರಲ್ಲೇ ಒಂದು ದಿನ ಹೋಗುತ್ತದೆ.

ನಾವು ಕೈ ಹಾಕದ ಸಂಗತಿ ಸಾಲ ತೀರಿಸುವುದು. ವಾರದ ಕಂತಿನ ಸಂಘಗಳು ಒಂದೇ ಮನೆಗೆ ಮೂರು ನಾಲ್ಕು ಸಾಲ ಕೊಟ್ಟಿರುತ್ತವೆ. ಒಂದನ್ನು ತೀರಿಸಲು ಇನ್ನೊಂದು. ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಜೈಲು ಎಂದು 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದದ್ದನ್ನು ಆ ಹೆಂಗಸರಿಗೆ ತಿಳಿಸುತ್ತೇವೆ. ಠಾಣೆಗೆ ಹೋಗಬೇಕಾದರೆ ಇಬ್ಬರು ಜೊತೆಗೆ ಹೋಗುತ್ತೇವೆ. ಅದಕ್ಕಿಂತ ಮುಂದೆ ನಮ್ಮ ಶಕ್ತಿ ಸಾಲದು.

ಕಳೆದ ವರ್ಷ ಗೃಹಲಕ್ಷ್ಮಿಗೆ ಅಲೆದ ಆ ಹೆಲ್ಪರ್ ಹೆಣ್ಣುಮಗಳು ಈಗ ಪಾಳಿ ಇಲ್ಲದ ದಿನ ಬೇರೆಯವರ ಜೊತೆ ಹೋಗುತ್ತಾಳೆ. ನನಗಿಂತ ಅವಳ ಬಾಯಿ ಜೋರು. "ನಾಳೆ ಬನ್ನಿ ಅಂದ್ರೆ ಎಷ್ಟು ಗಂಟೆಗೆ ಅಂತ ಬರೆದುಕೊಡಿ ಸಾರ್" ಎಂದು ಕೌಂಟರ್‌ನಲ್ಲೇ ನಿಲ್ಲುತ್ತಾಳೆ. ಹೊಸದಾಗಿ ಬರುವವರನ್ನು ಮೊದಲ ಸಲ ಅವಳ ಜೊತೆಗೇ ಕಳುಹಿಸುತ್ತೇವೆ. ತರಬೇಕಾದದ್ದು ಒಂದು ಪೆನ್ನು, ನೀರಿನ ಬಾಟಲಿ, ಎಲ್ಲ ಕಾಗದದ ಎರಡೆರಡು ಜೆರಾಕ್ಸ್. ಆಧಾರ್‌ಗೆ ಜೋಡಿಸಿದ ಮೊಬೈಲ್ ಮಾತ್ರ ಮನೆಯಲ್ಲಿ ಬಿಟ್ಟು ಬರಬಾರದು, ಒಟಿಪಿ ಅದಕ್ಕೇ ಬರುವುದು.