ಪ್ರಿಂಟ್ ಮಾಸ್ಟರ್‌ಗೆ ಮಾತ್ರ, ಸೈನ್ಯಕ್ಕೆ ಎರಕ: ಗ್ಲೋಬಲ್ 1940ಕ್ಕೆ 600 ಕಾಯಿ ಮಾಡಿದ ನನ್ನ ಅನುಭವ

ಮನೆಯಲ್ಲಿ ರೆಸಿನ್ 3ಡಿ ಪ್ರಿಂಟರ್ ಇಟ್ಟುಕೊಂಡು, ಬೋರ್ಡ್ ಆಟದ ಕಾಯಿಗಳನ್ನು ಅಚ್ಚಿನಲ್ಲಿ ಎರಕ ಯಾಕೆ ಹೊಯ್ಯಬೇಕು ಅಂತ ಕೇಳದ ಆಟಗಾರರೇ ಇಲ್ಲ. ಫೈಲ್ ಹಾಕಿ ರಾತ್ರಿ ಬಿಟ್ಟರೆ ಬೆಳಗ್ಗೆ ಕಾಯಿ ಕೈಗೆ ಬರುತ್ತದೆ ಅನ್ನುವುದು ಎಲ್ಲರ ವಾದ. ಆ ದಾರಿಯನ್ನೂ ಹಿಡಿದು ನೋಡಿದ್ದೇನೆ, ಸುಮಾರು 180 ಕಾಯಿ ಆದ ಮೇಲೆ ಕೈಬಿಟ್ಟೆ. ಈಗ ಎರಡನೇ ಮಹಾಯುದ್ಧದ ಬೋರ್ಡ್ ಆಟ ಆಕ್ಸಿಸ್ ಅಂಡ್ ಅಲೈಸ್ ಗ್ಲೋಬಲ್ 1940ರ ಹಾಸಿನ ಮೇಲಿರುವ 600ಕ್ಕೂ ಹೆಚ್ಚು ಕಾಯಿಗಳು ಪಾಲಿಯುರೆಥೇನ್ ಎರಕದವು. ಬಣ್ಣ ಒಳಗಿನವರೆಗೂ ಒಂದೇ, ಒಂದಕ್ಕೂ ಬ್ರಶ್ ಮುಟ್ಟಿಸಿಲ್ಲ. ಎರಡು ವರ್ಷದ ಆಟದಲ್ಲಿ ಮುರಿದದ್ದು ಹದಿನೈದರ ಒಳಗೆ.

ಪ್ರಿಂಟ್ ಕಾಯಿ ಸೋತದ್ದು ಫಿರಂಗಿ ನಳಿಗೆಯಲ್ಲಿ. ಒಂದೇ ಟ್ಯಾಂಕನ್ನು 20 ಪ್ರಿಂಟ್, 20 ಎರಕ ಮಾಡಿ, ಮೇಜಿನ ಎತ್ತರದಿಂದ ಟೈಲ್ಸ್ ನೆಲಕ್ಕೆ ಬೀಳಿಸಿದೆ. ಪ್ರಿಂಟ್‌ನಲ್ಲಿ ಏಳೋ ಎಂಟೋ ನಳಿಗೆ ಹೋದವು, ಎರಕದಲ್ಲಿ ಒಂದು. ಗಟ್ಟಿ ಅಂತ ಮಾರುವ ಎಬಿಎಸ್ ಮಾದರಿಯ ರೆಸಿನ್ ಹಾಕಿದರೂ ಆರು ತಿಂಗಳಿಗೆ ಪೆಡಸಾಯಿತು. ಜೊತೆಗೆ ಒಂಬತ್ತು ದೇಶದ ಒಂಬತ್ತು ಬಣ್ಣಕ್ಕೆ ಒಂಬತ್ತು ಸಲ ಪ್ರಿಂಟರಿನ ರೆಸಿನ್ ತೊಟ್ಟಿ (ವ್ಯಾಟ್) ತೊಳೆಯಬೇಕು, ಇಲ್ಲವೇ ಪೇಂಟ್ ಮಾಡಬೇಕು. ಪ್ರಿಂಟ್ ಆಗುವಾಗ ಕಾಯಿಯನ್ನು ಹಿಡಿದಿಡುವ ಸಪೋರ್ಟ್ ಕಿತ್ತ ಗುರುತನ್ನು 600 ಕಾಯಿಗೆ ಉಜ್ಜಿ ಕೂರುವುದು ಆಗುವ ಕೆಲಸವಲ್ಲ. ಮಾಸ್ಟರ್, ಅಂದರೆ ಅಚ್ಚು ತೆಗೆಯುವ ಮೂಲ ಕಾಯಿ, 24 ಇದ್ದರೆ 24ಕ್ಕೆ ಮಾತ್ರ ಉಜ್ಜಿದರೆ ಸಾಕು.

ಅಳತೆಯ ವಿಷಯ. ಆಟದ ಪೆಟ್ಟಿಗೆಯಲ್ಲಿ ಬರುವ ಕಾಯಿಗಳಿಗೆ ಒಂದೇ ಸ್ಕೇಲ್ ಇಲ್ಲ. ಟ್ಯಾಂಕ್‌ಗಳನ್ನು 1/285ಕ್ಕೆ ಕಟ್ಟಿದೆ. ಜಿಎಚ್‌ಕ್ಯೂ ಅನ್ನುವ ಮಿನಿಯೇಚರ್ ಕಂಪನಿಯ ಲೋಹದ ಟ್ಯಾಂಕ್ ಬರುವುದೂ ಅದೇ ಅಳತೆಗೆ, ಪಕ್ಕದಲ್ಲಿಟ್ಟು ಹೋಲಿಸಬಹುದು. 5.84 ಮೀಟರಿನ ಶರ್ಮನ್ 20.5 ಮಿಮೀ ಆಗುತ್ತದೆ. ಆದರೆ ನಳಿಗೆಯನ್ನು ಅದೇ ಲೆಕ್ಕದಲ್ಲಿ ಇಳಿಸಿದರೆ ಅರ್ಧ ಮಿಲಿಮೀಟರೂ ಇರುವುದಿಲ್ಲ. ಎಲ್ಲ ನಳಿಗೆಯನ್ನೂ 1 ಮಿಮೀ ದಪ್ಪ ಮಾಡಿ, ಉದ್ದ ನಾಲ್ಕನೇ ಒಂದು ಭಾಗ ಕತ್ತರಿಸಿ, ಬುಡಕ್ಕೆ ಸಣ್ಣ ಇಳಿಜಾರು ಕೊಟ್ಟೆ. ಎರಡೂ ಹಾಸು ಜೋಡಿಸಿದರೆ ಸುಮಾರು 70 ಇಂಚು ಉದ್ದ, 32 ಇಂಚು ಅಗಲ. ಆಚೆ ತುದಿಯಲ್ಲಿ ಕೂತವರಿಗೆ ನಳಿಗೆಯ ದಪ್ಪ ಕಾಣುವುದಿಲ್ಲ, ಟ್ಯಾಂಕಿನ ಆಕಾರ ಮಾತ್ರ ಕಾಣುತ್ತದೆ.

ಹಡಗಿಗೆ ಈ ಲೆಕ್ಕ ನಡೆಯುವುದಿಲ್ಲ. ಅದೇ ಕಂಪನಿಯ ಹಡಗು ಸಾಲು ಮೈಕ್ರೋನಾಟ್ಸ್‌ನ 1/2400ರಲ್ಲಿ ಬಿಸ್ಮಾರ್ಕ್ 10 ಸೆಂಮೀ ದಾಟುತ್ತದೆ, ಹಾಸಿನ ಸಮುದ್ರ ವಲಯ 110ರಲ್ಲಿ ಅಂಥ ಎರಡು ನಿಂತರೆ ಮೂರನೆಯದಕ್ಕೆ ಜಾಗವಿಲ್ಲ. 1/6000ಕ್ಕೆ ಇಳಿಸಿದರೆ ಯಮಾಟೊ 44 ಮಿಮೀ, ಇದು ಸರಿ. ಆದರೆ ಫ್ಲೆಚರ್ ವರ್ಗದ ಡಿಸ್ಟ್ರಾಯರ್ 19 ಮಿಮೀ ಉದ್ದ, 2 ಮಿಮೀ ಅಗಲ ಆಗಿ, ಫ್ಯಾನ್ ಗಾಳಿಗೇ ಮಗುಚಿಕೊಳ್ಳುತ್ತದೆ. ಹಾಗಾಗಿ ದೊಡ್ಡ ಹಡಗಿನ ಉದ್ದ ಕುಗ್ಗಿಸಿ, ಸಣ್ಣದನ್ನು ಹಿಗ್ಗಿಸಿ, ಎಲ್ಲದರ ಅಗಲವನ್ನೂ ಎತ್ತರವನ್ನೂ ಬೇರೆ ಬೇರೆ ಪ್ರಮಾಣದಲ್ಲಿ ಏರಿಸಿದೆ. ಆ ಪ್ರಮಾಣ ಹಿಡಿಯಲು ನಾಲ್ಕು ತಿಂಗಳು ಹೋಯಿತು, ಅದು ಸದ್ಯಕ್ಕೆ ನನ್ನ ಬಳಿಯೇ ಇರಲಿ. ಇಷ್ಟು ಹೇಳುತ್ತೇನೆ: ಡಿಸ್ಟ್ರಾಯರ್ 28, ಕ್ರೂಸರ್ 36, ಬ್ಯಾಟಲ್‌ಶಿಪ್ 44 ಮಿಮೀ ಆಸುಪಾಸು ಇಟ್ಟುಕೊಂಡರೆ ಮೂರನ್ನೂ ಯಾರೂ ಗೊಂದಲ ಮಾಡಿಕೊಳ್ಳುವುದಿಲ್ಲ. ಕ್ರೂಸರ್ ಎಲ್ಲಿ, ಡಿಸ್ಟ್ರಾಯರ್ ಎಲ್ಲಿ ಅಂತ ಪ್ರತಿ ಸುತ್ತಿಗೂ ಬಗ್ಗಿ ನೋಡುವುದು ತಪ್ಪಿತು.

ಇನ್ನು ಅಚ್ಚು. ಮೊದಲ ದೊಡ್ಡ ನಷ್ಟ ಆದದ್ದು ಇಲ್ಲೇ. ಸಂಕೋಚನ ಕಡಿಮೆ ಅಂತ ಪ್ಲಾಟಿನಂ ಸಿಲಿಕೋನ್ ತಂದು ಪ್ರಿಂಟ್ ಮಾಸ್ಟರ್ ಮೇಲೆ ಸುರಿದೆ. ಹೊರಗೆಲ್ಲ ಗಟ್ಟಿಯಾಯಿತು, ಮಾಸ್ಟರ್‌ಗೆ ತಾಗಿದ ಮುಖ ಮಾತ್ರ ಮೂರು ದಿನವಾದರೂ ಜೇನಿನ ಹಾಗೆ ಅಂಟಂಟು. ಪ್ರಿಂಟ್ ರೆಸಿನ್‌ನಲ್ಲಿ ಉಳಿದ ರಾಸಾಯನಿಕ ಪ್ಲಾಟಿನಂ ಸಿಲಿಕೋನ್ ಗಟ್ಟಿಯಾಗದಂತೆ ತಡೆಯುತ್ತದೆ, ಗಂಧಕ ಇರುವ ಜೇಡಿಯೂ ಅಷ್ಟೇ. ಒಂದೂಕಾಲು ಕಿಲೋ ಸಿಲಿಕೋನ್ ಹೋಯಿತು, ಮಾಸ್ಟರ್ ತೊಳೆಯಲು ಎರಡು ದಿನ. ಎರಡನೇ ಸಲ ಐಪಿಎ (ಐಸೊಪ್ರೊಪೈಲ್ ಆಲ್ಕೊಹಾಲ್) ದ್ರಾವಕದಲ್ಲಿ ಎರಡು ಬಾರಿ ತೊಳೆದು, ಅರ್ಧ ಗಂಟೆ ಯುವಿ ಕೊಟ್ಟು, 60 ಡಿಗ್ರಿಯಲ್ಲಿ ಮೂರು ಗಂಟೆ ಇಟ್ಟು, ಮೇಲೆ ಅಕ್ರಿಲಿಕ್ ಕ್ಲಿಯರ್ ಎರಡು ಕೋಟ್ ಹೊಡೆದೆ. ಹತ್ತರಲ್ಲಿ ಎಂಟು ಸರಿ ಬಂದವು. ಆ ಎರಡರ ಗ್ಯಾರಂಟಿ ಇಲ್ಲದ್ದಕ್ಕೆ ಟಿನ್ ಸಿಲಿಕೋನ್‌ಗೆ ಬಂದೆ. ಗಡಸುತನ ಶೋರ್ ಎ 25, ಕ್ಯಾಟಲಿಸ್ಟ್ ನೂರಕ್ಕೆ ಮೂರು, 24 ಗಂಟೆ. ತುಸು ಕುಗ್ಗುತ್ತದೆ, 30ರಿಂದ 40 ಹೊಯ್ತಕ್ಕೆ ಹರಿಯಲು ಶುರುವಾಗುತ್ತದೆ, ಕಪಾಟಿನಲ್ಲಿ ಸುಮ್ಮನಿಟ್ಟರೂ ಹಳತಾಗುತ್ತದೆ. ಒಂದು ಸೈನ್ಯಕ್ಕೆ ಅಷ್ಟು ಸಾಕು.

ಕಾಲಾಳಿನ ಅಚ್ಚು ಎರಡು ಭಾಗದ್ದೇ ಆಗಬೇಕು ಅಂತ ಎಲ್ಲರೂ ಹೇಳಿದರು. ಒಂದೇ ಭಾಗದಲ್ಲಿ ಮಾಡಿದ್ದೇನೆ. ಸೈನಿಕನನ್ನು ತಲೆಕೆಳಗಾಗಿ ನಿಲ್ಲಿಸಿ ಅಚ್ಚು ತೆಗೆಯಬೇಕು, ತಳ ಮೇಲೆ ತೆರೆದಿರಬೇಕು, ಹೆಲ್ಮೆಟ್ ಕೆಳಗೆ. ಬಂದೂಕನ್ನು ಅಡ್ಡ ಹಿಡಿದ ಭಂಗಿ ಇದ್ದರೆ ಅದರ ಹಿಂದೆ ಗಾಳಿ ಸಿಕ್ಕಿಕೊಂಡು ಪ್ರತಿ ಎರಡನೇ ಸೈನಿಕನಿಗೆ ಕೈ ಇರುವುದಿಲ್ಲ. ಬಂದೂಕನ್ನು ಎದೆಗೆ ಅಂಟಿಸಿ, ಓರೆಯಾಗಿಸಿ, ನಡುವಿನ ಸಂದು ಪೂರ್ತಿ ಮುಚ್ಚಿದೆ. 18 ಮಿಮೀ ಎತ್ತರದ ಆಳಿನಲ್ಲಿ ಆ ಸಂದು ಮುಚ್ಚಿದ್ದು ಯಾರಿಗೂ ತಿಳಿಯುವುದಿಲ್ಲ. ಒಂದು ಅಚ್ಚಿಗೆ 20 ಆಳು, ಹತ್ತರ ಎರಡು ಸಾಲು.

ತಳಕ್ಕೆ ಎಂ5 ವಾಷರ್. ಹೊರವ್ಯಾಸ 10 ಮಿಮೀ, ದಪ್ಪ 1 ಮಿಮೀ, ತೂಕ ಅರ್ಧ ಗ್ರಾಂಗೂ ಕಡಿಮೆ. ಆದರೆ ಕಾಲಾಳು ಇದ್ದದ್ದೇ ಅಷ್ಟು ತೂಕ, ಎರಡು ಪಟ್ಟಾಗುತ್ತದೆ. ರೆಸಿನ್ ಇನ್ನೂ ನೀರಾಗಿರುವಾಗಲೇ ವಾಷರನ್ನು ತಳದ ಗುಂಡಿಗೆ ಇಳಿಸಿದರೆ ರೆಸಿನ್ ನಡುವಿನ ತೂತಿನಿಂದ ಮೇಲೆ ಬಂದು ಕಚ್ಚಿಕೊಳ್ಳುತ್ತದೆ. ಅಂಟು ಬೇಡವೇ ಬೇಡ. ಮೊದಲು ಗುಂಡಿ 10.2 ಇಟ್ಟಿದ್ದೆ. ಅಂಗಡಿಯ ವಾಷರ್‌ಗೆ ಅಂಚಿನಲ್ಲಿ ಮುಳ್ಳು ಇರುತ್ತದೆ, ಅಚ್ಚೂ ಕುಗ್ಗುತ್ತದೆ, ತಿಂಗಳ ಮೇಲೆ ಇಳಿಯಲೇ ಇಲ್ಲ. 10.5 ಮಾಡಿದ ಮೇಲೆ ತೊಂದರೆ ಇಲ್ಲ. ವಾಷರ್ ಎಣ್ಣೆ ಹೋಗುವ ಹಾಗೆ ಥಿನ್ನರ್‌ನಲ್ಲಿ ತೊಳೆದು ಒಣಗಿಸಲೇಬೇಕು. ಸ್ಟೇನ್‌ಲೆಸ್ ಬೇಡ, ಝಿಂಕ್ ಲೇಪದ ಉಕ್ಕೇ ಇರಲಿ. ಡಬ್ಬಿಯ ತಳಕ್ಕೆ ಮ್ಯಾಗ್ನೆಟ್ ಶೀಟ್ ಹಾಸಿದರೆ ಕಾಯಿಗಳು ನಿಂತಲ್ಲೇ ನಿಲ್ಲುತ್ತವೆ, ಬೈಕಿನಲ್ಲಿ ಒಯ್ದರೂ ಅಲ್ಲಾಡುವುದಿಲ್ಲ. ತಳ ಪೆಟ್ಟಿಗೆಯ ಚಿಪ್‌ಗಿಂತ (ಕಾಯಿಯ ಬದಲು ಸಂಖ್ಯೆ ತೋರಿಸುವ ಬಿಲ್ಲೆ, ಕೆಂಪು ಒಂದಕ್ಕೆ ಐದು ಕಾಯಿ) ದೊಡ್ಡದಾಗಬಾರದು. ಮಾಸ್ಕೋದಲ್ಲಿ ನಲವತ್ತೊಂದು ಕಾಲಾಳು ಅಂದರೆ ಎಂಟು ಕೆಂಪು ಚಿಪ್‌ಗಳ ಕಂಬದ ಮೇಲೆ ಒಬ್ಬ ನಿಲ್ಲಬೇಕು.

ಬೆಂಗಳೂರಿನ ಜುಲೈನಲ್ಲಿ ಪಾಲಿಯುರೆಥೇನ್ ಹೊಯ್ದವರಿಗೆ ಮುಂದಿನದ್ದನ್ನು ಬಿಡಿಸಿ ಹೇಳಬೇಕಿಲ್ಲ. ಎರಡು ಭಾಗ ಕಲಸಿ ಹೊಯ್ಯುವ ರೆಸಿನ್ ಇದು, ನನ್ನದರಲ್ಲಿ ಎ ಭಾಗ ಪಾಲಿಯಾಲ್, ಬಿ ಭಾಗ ಐಸೊಸಯನೇಟ್. ಈ ಐಸೊಸಯನೇಟ್ ತೇವಕ್ಕೆ ತಾಗಿದರೆ ಇಂಗಾಲದ ಡೈಆಕ್ಸೈಡ್ ಬಿಟ್ಟು ಉಬ್ಬುತ್ತದೆ. ನನ್ನ ಮೊದಲ ಇಟಲಿ ಸೈನ್ಯ ಬ್ರೆಡ್ಡಿನ ಹಾಗೆ ಉಬ್ಬಿ ಅಚ್ಚಿನಿಂದ ಹೊರಗೆ ಬಂತು. ಕಾರಣ ಒಂದೊಂದಾಗಿ ಸಿಕ್ಕವು. ಮರದ ಐಸ್‌ಕ್ರೀಂ ಕಡ್ಡಿಯಿಂದ ಕಲಸಿದ್ದು ಒಂದು: ಮರದಲ್ಲಿ ತೇವ ಇದ್ದೇ ಇರುತ್ತದೆ, ಪ್ಲಾಸ್ಟಿಕ್ ಕಡ್ಡಿ ಹಿಡಿಯಿರಿ. ಪೇಂಟ್ ಅಂಗಡಿಯ ಯೂನಿವರ್ಸಲ್ ಸ್ಟೇನರ್ ಇನ್ನೊಂದು: ಅದರಲ್ಲಿ ನೀರು, ಗ್ಲೈಕಾಲ್ ಎರಡೂ ಬರುತ್ತವೆ. ಪಾಲಿಯಾಲ್ ಆಧಾರದ ಪಿಗ್ಮೆಂಟ್ ಪೇಸ್ಟ್ ಮಾತ್ರ ಹಾಕಬೇಕು, ಒಟ್ಟು ತೂಕಕ್ಕೆ ನೂರಕ್ಕೆ ಒಂದರಿಂದ ಎರಡು. ಮೂರನೆಯದು ಅಚ್ಚಿಗೆ ಉದುರಿಸುವ ಪೌಡರ್. ರೆಸಿನ್ ಮೂಲೆಗೆ ಹರಿಯಲು ಅದು ಬೇಕೇ ಬೇಕು, ಆದರೆ ಒಣಗಿರಬೇಕು. ಸೈಕಲ್ ಅಂಗಡಿಯಲ್ಲಿ ಟ್ಯೂಬಿಗೆ ಹಾಕುವ ಫ್ರೆಂಚ್ ಚಾಕನ್ನು ತವೆಯಲ್ಲಿ ಸಣ್ಣ ಉರಿಗೆ ಹತ್ತು ನಿಮಿಷ ಬಿಸಿ ಮಾಡಿ, ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪುಡಿಕೆ ಜೊತೆ ಇಟ್ಟಿದ್ದೇನೆ. ಬ್ರಶ್‌ನಲ್ಲಿ ಸವರಿ, ಅಚ್ಚು ಮಗುಚಿ ಬಡಿದು, ಉಳಿದದ್ದನ್ನು ಬೀಳಿಸಬೇಕು. ಮಳೆಗಾಲದಲ್ಲಿ ಡಬ್ಬಿ ತೆರೆದ ಬಿ ಭಾಗವನ್ನು ಎರಡು ವಾರದಲ್ಲಿ ಮುಗಿಸಿ, ತಳದಲ್ಲಿ ಹರಳು ಕಂಡರೆ ಎಸೆಯಿರಿ.

ಎ, ಬಿ ಪ್ರಮಾಣವನ್ನು ಲೇಬಲ್ ನೋಡಿ ಎರಡು ಸಲ ಓದಿ. ಅಳತೆ ಲೋಟದಲ್ಲಿ ಒಂದಕ್ಕೆ ಒಂದು ಅಂತ ಇರುವ ರೆಸಿನ್ ತೂಕದಲ್ಲಿ 100ಕ್ಕೆ 90 ಇರಬಹುದು. ತಕ್ಕಡಿಯಲ್ಲಿ ಸಮ ತೂಗಿ ಮಾಡಿದ ಒಂದು ತಂಡ ಇಂದಿಗೂ ಉಗುರಿಗೆ ಬಗ್ಗುತ್ತದೆ.

ಬಣ್ಣದಲ್ಲಿ ಮತ್ತೊಂದು ಪೆಟ್ಟು. ಬೆಳ್ಳಗೆ ಗಟ್ಟಿಯಾಗುವ ರೆಸಿನ್‌ಗೆ ಎಷ್ಟು ಕೆಂಪು ಸುರಿದರೂ ಸೋವಿಯತ್ ಮೆರೂನ್ ಬರಲಿಲ್ಲ, ಗುಲಾಬಿಯೇ ಬಂತು. ಪಿಗ್ಮೆಂಟ್ ಹೆಚ್ಚಿಸಿದರೆ ಕಾಯಿ ಮೆತ್ತಗಾಯಿತು. ಕಡು ಬಣ್ಣಕ್ಕೆ, ಅಂದರೆ ಜರ್ಮನಿಯ ಕಪ್ಪು, ಸೋವಿಯತ್, ಇಟಲಿಯ ಕಂದು ಇವಕ್ಕೆ, ಜೇನು ಬಣ್ಣದಲ್ಲಿ ಪಾರದರ್ಶಕವಾಗಿ ಗಟ್ಟಿಯಾಗುವ ರೆಸಿನ್ ಬೇಕು. ಚೀನಾದ ತಿಳಿಹಸಿರು, ಬ್ರಿಟನ್ನಿನ ಮರಳು ಬಣ್ಣ, ಆನ್ಝಾಕ್‌ನ (ಆಸ್ಟ್ರೇಲಿಯಾ, ನ್ಯೂಜಿಲೆಂಡ್) ಬೂದು ಬಿಳಿ ರೆಸಿನ್‌ನಲ್ಲಿ ಚೆನ್ನಾಗಿ ಬರುತ್ತವೆ. ಒಂದು ದೇಶಕ್ಕೆ ಬೇಕಾದ ಎ ಭಾಗಕ್ಕೆಲ್ಲ ಒಟ್ಟಿಗೇ ಬಣ್ಣ ಕಲಸಿಡಿ, ಆಮೇಲೆ ಹೊಂದಿಸುತ್ತೇನೆ ಅಂದರೆ ಹೊಂದುವುದಿಲ್ಲ. ಜಪಾನಿನ ಕಿತ್ತಳೆಗೆ ನಾನು ಸೇರಿಸುವ ಮೂರನೇ ಬಣ್ಣ ಯಾವುದು ಅಂತ ಹಲವರು ಕೇಳಿದ್ದಾರೆ. ಕೆಂಪೂ ಅಲ್ಲ, ಹಳದಿಯೂ ಅಲ್ಲ, ಅಷ್ಟೇ.

ಗುಳ್ಳೆಗೆ ಮದ್ದು ಒತ್ತಡ. 10 ಲೀಟರಿನ ಪೇಂಟ್ ಪ್ರೆಶರ್ ಪಾಟ್‌ನಲ್ಲಿ 40 ಪಿಎಸ್‌ಐ, 25 ನಿಮಿಷ. ಅಡುಗೆ ಕುಕ್ಕರಿಗೆ ಕಂಪ್ರೆಸರ್ ಜೋಡಿಸುವ ಯೋಚನೆಯನ್ನು ದಯವಿಟ್ಟು ಬಿಡಿ. ಅದು ಸುಮಾರು 15 ಪಿಎಸ್‌ಐ ಉಗಿಗೆ ಮಾಡಿದ ಪಾತ್ರೆ, ಮುಚ್ಚಳ ಹಾರಿದರೆ ಜೀವಕ್ಕೆ ಅಪಾಯ. ಅಚ್ಚನ್ನೂ ಅದೇ ಒತ್ತಡದಲ್ಲಿ ಗಟ್ಟಿ ಮಾಡಿರಬೇಕು. ಇಲ್ಲದಿದ್ದರೆ ಸಿಲಿಕೋನ್ ಒಳಗಿನ ಗುಳ್ಳೆ ಒತ್ತಡಕ್ಕೆ ಕುಸಿದು, ಕಾಯಿಯ ಮೈಮೇಲೆ ನರುಲಿಯ ಹಾಗೆ ಉಬ್ಬು ಬರುತ್ತದೆ. ರೆಸಿನ್ ಕೈಗೆ ಮೂರು ನಿಮಿಷ ಸಿಗುತ್ತದೆ, ಏಪ್ರಿಲ್ ಮಧ್ಯಾಹ್ನ ಎರಡೂ ಇಲ್ಲ. ಬೆಳಗ್ಗೆ ಆರಕ್ಕೆ, ಬಾಲ್ಕನಿಯಲ್ಲಿ, ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಜ್ ಇರುವ ಮಾಸ್ಕ್ ಹಾಕಿಕೊಂಡು ಹೊಯ್ಯುವುದು ಉತ್ತಮ.

ವಿಮಾನವಾಹಕ ಹಡಗಿನ ಮೇಲೆ ಎರಡು ವಿಮಾನ ಕೂರಬೇಕು, ಹಡಗು ಸರಿಸಿದಾಗೆಲ್ಲ ಬೀಳುತ್ತಿದ್ದವು. ಡೆಕ್ ಅಡಿಯಲ್ಲಿ 2 ಮಿಮೀ ವ್ಯಾಸ, 1 ಮಿಮೀ ದಪ್ಪದ ನಿಯೋಡಿಮಿಯಂ ಮ್ಯಾಗ್ನೆಟ್ ಎರಡು ಕೂರಿಸಿದೆ. ವಿಮಾನದ ಹೊಟ್ಟೆಗೂ ಮ್ಯಾಗ್ನೆಟ್ ಇಟ್ಟದ್ದು ತಪ್ಪು. ಪಕ್ಕದ ವಿಮಾನಗಳು ಒಂದನ್ನೊಂದು ಎಳೆದುಕೊಂಡು ಗುಂಪಾದವು. ಈಗ ಅಲ್ಲಿ ಗುಂಡುಸೂಜಿಯ 4 ಮಿಮೀ ತುಂಡು ಮಾತ್ರ. ಸೂಜಿ ಮ್ಯಾಗ್ನೆಟ್‌ಗೆ ಅಂಟುತ್ತದೆಯೇ ಅಂತ ಮೊದಲೇ ನೋಡಿಕೊಳ್ಳಿ.

ಚನ್ನಪಟ್ಟಣದ ಅರಗಿನ ಬಣ್ಣದ ಮರದ ಬಿಲ್ಲೆಗಳನ್ನು ಚಿಪ್‌ಗೆ ಬದಲಾಗಿ ಮಾಡಿಸಿದ್ದೂ ಇದೆ, 16 ಮಿಮೀ ವ್ಯಾಸ, 3 ಮಿಮೀ ದಪ್ಪ, 200 ಬಿಲ್ಲೆ. ಕೈಗೆ ಅವುಗಳಷ್ಟು ಹಿತವಾದದ್ದು ಹಾಸಿನ ಮೇಲೆ ಬೇರೊಂದಿಲ್ಲ. ಆದರೆ ಕೈಕೆಲಸದಲ್ಲಿ ದಪ್ಪ ಅರ್ಧ ಮಿಲಿಮೀಟರ್ ಹೆಚ್ಚುಕಡಿಮೆ ಬರುತ್ತದೆ, ನುಣುಪೂ ಜಾಸ್ತಿ, ಆರರ ಮೇಲೆ ಕಂಬ ನಿಲ್ಲುವುದಿಲ್ಲ. ಈಗ ಅವು ಪ್ರದೇಶದ ಒಡೆತನ ತೋರಿಸುವ ಗುರುತುಗಳಾಗಿವೆ, ಆ ಕೆಲಸಕ್ಕೆ ಅವೇ ಸರಿ.

ನನಗೆ ಅತಿ ಹೆಚ್ಚು ತೃಪ್ತಿ ಕೊಟ್ಟದ್ದು ಕಲ್ಕತ್ತೆಯ ಸೈನ್ಯ. ಆಟದಲ್ಲಿ ಬ್ರಿಟನ್ನಿನ ಪೆಸಿಫಿಕ್ ಖಜಾನೆ ಇರುವುದು ಭಾರತದಲ್ಲಿ, ಆದರೆ ಅಲ್ಲಿ ಹುಟ್ಟುವ ಕಾಲಾಳಿಗೂ ಲಂಡನ್ನಿನವನ ಮುಖವೇ. ಆ ಯುದ್ಧದಲ್ಲಿ ಭಾರತೀಯ ಸೇನೆ 25 ಲಕ್ಷ ದಾಟಿತ್ತು, ಹಾಸಿನ ಮೇಲೆ ಅವರೂ ಕಾಣಬೇಕು. ಪೇಟ ಕಟ್ಟಿದ ಸಿಖ್ ಸೈನಿಕ, ಅಗಲ ಅಂಚಿನ ಟೋಪಿಯ ಗೂರ್ಖಾ, ಎರಡು ಮಾಸ್ಟರ್ ಕೆತ್ತಿದೆ. ಪೇಟವನ್ನು ನಿಜದ ಅಳತೆಗೆ ಮಾಡಿದರೆ ಹೆಲ್ಮೆಟ್ಟಿನ ಹಾಗೇ ಕಾಣುತ್ತದೆ. ಒಂದೂವರೆ ಪಟ್ಟು ಮಾಡಿ, ಮುಂದೆ ಮಡಿಕೆಯ ಕೋನ ಚೂಪು ಮಾಡಿದ ಮೇಲೆ ಐದು ಅಡಿ ದೂರದಿಂದ ಗುರುತು ಸಿಕ್ಕಿತು. ಟ್ಯಾಂಕ್‌ಗೆ ಎಂ3 ಲೀ. 1944ರಲ್ಲಿ ಇಂಫಾಲದ ನುನ್‌ಶಿಗುಂ ಗುಡ್ಡ ಹತ್ತಿದ್ದು ಅದೇ. 3.12 ಮೀಟರ್ ಎತ್ತರದ ಟ್ಯಾಂಕ್, 1/285ರಲ್ಲಿ 11 ಮಿಮೀ, ಶರ್ಮನ್ ಪಕ್ಕ ನಿಂತರೂ ಬೇರೆಯೇ ಕಾಣುತ್ತದೆ. ಬದಿಯಲ್ಲಿರುವ ದೊಡ್ಡ ಫಿರಂಗಿಯ ಕೆಳಗಿನ ಸಂದು ಮುಚ್ಚದಿದ್ದರೆ ಅಚ್ಚು ಹತ್ತನೇ ಹೊಯ್ತಕ್ಕೇ ಹರಿಯುತ್ತದೆ.

ಖರ್ಚು ನೆನಪಿನಿಂದ: ಹಳೇ ಪ್ರಿಂಟರ್ 14,000, ಪಾಟ್ ಮತ್ತು ಕಂಪ್ರೆಸರ್ ಸೇರಿ 17,000 ಚಿಲ್ಲರೆ. ಸಿಲಿಕೋನ್ ಆರು ಕಿಲೋ, ಹಾಳಾದದ್ದೂ ಸೇರಿ, 7,000. ಪಾಲಿಯುರೆಥೇನ್ ಮೂರು ಕಿಲೋ ತಂದೆ, ಕಾಯಿಗೆ ಹೋದದ್ದು ಮುಕ್ಕಾಲು ಕಿಲೋಗಿಂತ ಕಡಿಮೆ, ಉಳಿದದ್ದು ಕಲಿಕೆಗೆ. ಅದಕ್ಕೆ 3,500. ಪಿಗ್ಮೆಂಟ್, ವಾಷರ್, ಮ್ಯಾಗ್ನೆಟ್ 2,500. ಯಂತ್ರ ಬಿಟ್ಟರೆ ಕಾಯಿಗೆ 21 ರೂಪಾಯಿ ಬಿತ್ತು. ತಪ್ಪು ಮಾಡದೆ ಈಗ ಮಾಡಿದರೆ ಒಂಬತ್ತು ರೂಪಾಯಿಗೆ ಬರುತ್ತದೆ. ವಿದೇಶದಿಂದ ಒಮ್ಮೆ ತರಿಸಿದ 60 ಕಾಯಿಗೆ ಸಾಗಣೆ, ಸುಂಕ ಸೇರಿ ಒಂದಕ್ಕೆ 90ರ ಹತ್ತಿರ ಬಿದ್ದಿತ್ತು, ಅದರಲ್ಲೂ ಎಂಟು ಮುರಿದೇ ಬಂದವು.

ಹೊಯ್ಯುವ ಸರದಿ ತಿಳಿಯಿಂದ ಕಡುವಿಗೆ ಇರಲಿ. ಚೀನಾ ಮೊದಲು, ಆಮೇಲೆ ಬ್ರಿಟನ್, ಆನ್ಝಾಕ್, ಜಪಾನ್, ಫ್ರಾನ್ಸ್, ಅಮೆರಿಕ, ಇಟಲಿ, ಸೋವಿಯತ್, ಕೊನೆಗೆ ಜರ್ಮನಿ. ಕಪ್ಪು ಹೊಯ್ದ ಅಚ್ಚಿನ ಸಂದಿಯಲ್ಲಿ ಉಳಿದ ಚೂರು ಮುಂದಿನ ಮೂರು ಹೊಯ್ತಕ್ಕೂ ಮಚ್ಚೆಯಾಗಿ ಬರುತ್ತದೆ. ಜರ್ಮನಿ ಆದ ಮೇಲೆ ಆ ಅಚ್ಚಿನಲ್ಲಿ ತಿಳಿ ಬಣ್ಣ ಹೊಯ್ಯುವುದಿಲ್ಲ.