ನಮ್ಮ ಮನೆಯ ಎರಡನೆಯ ಬಾತ್‌ಟಬ್

ಯಲಹಂಕದ ನಮ್ಮ ಮನೆಯ ಮಹಡಿಯ ಬಚ್ಚಲಿಗೆ ಮೊದಲು ತಂದದ್ದು ಫೈಬರ್ ಬಾತ್‌ಟಬ್. ಅಂಗಡಿಯ ದೀಪದಡಿ ಬೆಣ್ಣೆಯಂತೆ ಹೊಳೆಯುತ್ತಿತ್ತು, ಬೆಲೆಯೂ ಕಡಿಮೆ. ಹೆಚ್ಚೇನೂ ವಿಚಾರಿಸದೆ ಕೊಂಡೆವು. ಮೂರನೆಯ ವರ್ಷಕ್ಕೆ ತಳ ಮಂಕಾಗಿ ಕೈಗೆ ತರಿತರಿಯಾಗಿ ತಗುಲತೊಡಗಿತು. ನೀರು ಹೋಗುವ ತೂತಿನ ಸುತ್ತ ಜೇಡರ ಬಲೆಯಂಥ ಬಿರುಕು. ಅದರೊಳಗೆ ಸೇರಿದ ಕೊಳೆ ಯಾವ ಬ್ರಷ್ಷಿಗೂ ಬರಲಿಲ್ಲ. ಬೇಸತ್ತು ಕೀಳಿಸಿದೆ.

ಕಿತ್ತ ಮೇಲೆ ಕಾರಣ ಕಣ್ಣಿಗೇ ಕಂಡಿತು. ಫೈಬರ್ ಟಬ್‌ನ ಬಣ್ಣ, ಹೊಳಪು ಎರಡೂ ಇರುವುದು ಜೆಲ್‌ಕೋಟ್ ಎಂಬ ತೆಳು ಪದರದಲ್ಲಿ. ಒಡೆದ ಅಂಚಿನಲ್ಲಿ ನೋಡಿದರೆ ಅದು ಉಗುರಿನಷ್ಟು ತೆಳುವಾಗಿತ್ತು. ಅದರಡಿ ರಾಳದಲ್ಲಿ ನೆನೆದ ಗಾಜಿನ ಎಳೆಗಳು. ಕೊಳವೆಬಾವಿಯ ಗಡಸು ನೀರಿನ ಬಿಳಿ ಕರೆ ತೆಗೆಯಲೆಂದು ಪುಡಿ ಹಾಕಿ ಉಜ್ಜಿದಾಗಲೆಲ್ಲ ಆ ಪದರವೇ ಸವೆದಿತ್ತು. ತಳಕ್ಕೆ ಆಸರೆಯೂ ಇರಲಿಲ್ಲ. ಕಾಲಿಟ್ಟಾಗಲೆಲ್ಲ ಬಾಗಿ ಬಾಗಿ ಬಿರುಕು ಬಿಟ್ಟಿತ್ತು.

ಈ ಸಲ ಬೀಡುಕಬ್ಬಿಣದ ಟಬ್ ಬೇಕೆಂದು ನನಗೆ ಬಹಳ ಆಸೆಯಿತ್ತು. ಸಾಗರದ ಅಜ್ಜಿಮನೆಯ ತಾಮ್ರದ ಹಂಡೆಯ ಮುಂದೆ ಬೆಳೆದವಳು ನಾನು. ಲೋಹ ಒಮ್ಮೆ ಕಾದರೆ ಬೇಗ ಆರುವುದಿಲ್ಲವೆಂಬ ನಂಬಿಕೆ. ಆದರೆ ಎಂಜಿನಿಯರ್ ಕಾಗದ ತೆಗೆದುಕೊಂಡು ಕೂಡಿಸಿದರು. ಐದು ಅಡಿ ಉದ್ದದ ಬೀಡಿನ ಟಬ್ಬೇ ಸುಮಾರು 150 ಕಿಲೋ, ನೀರು 150 ಕಿಲೋ, ಒಳಗೆ ಕೂರುವವರು 65. ಅಷ್ಟೂ ಭಾರ ಒಂದು ಚದರ ಮೀಟರಿಗಿಂತ ತುಸು ಹೆಚ್ಚು ಜಾಗದ ಮೇಲೆ. ಮನೆಯ ಸ್ಲ್ಯಾಬನ್ನು ಸಾಮಾನ್ಯವಾಗಿ ಚದರ ಮೀಟರಿಗೆ 200 ಕಿಲೋ ಬಳಕೆಯ ಭಾರಕ್ಕೆ ಲೆಕ್ಕ ಹಾಕಿರುತ್ತಾರೆ. "ಮೇಡಂ, ನೆಲಮಹಡಿಯಾಗಿದ್ದರೆ ನಾನೇ ತರಿಸಿಕೊಡುತ್ತಿದ್ದೆ" ಎಂದರು. ನೆಲಮಹಡಿಯಲ್ಲಿ ಬಚ್ಚಲು ಇರುವವರಿಗೆ ಬೀಡನ್ನೇ ಕೊಳ್ಳಿ ಎಂದು ನಾನು ಈಗಲೂ ಹೇಳುತ್ತೇನೆ.

ಎನಾಮಲ್ ಲೇಪದ ಉಕ್ಕಿನ ಟಬ್ ಹಗುರ. ಅದನ್ನು ಬೇಡವೆನಿಸಿದ್ದು ಅಮ್ಮನ ಹಿತ್ತಾಳೆ ಚೊಂಬು. ಅಮ್ಮ ಅದಿಲ್ಲದೆ ಸ್ನಾನ ಮಾಡುವುದಿಲ್ಲ, ವಯಸ್ಸಾದ ಕೈಯಿಂದ ಆಗಾಗ ಜಾರುತ್ತದೆ. ಎನಾಮಲ್ ಗಾಜಿನ ಜಾತಿಯದು. ಪೆಟ್ಟಿಗೆ ಚಕ್ಕೆ ಎದ್ದರೆ ಅಲ್ಲಿಂದಲೇ ತುಕ್ಕು ಶುರು. ಟೈಲ್ಸ್ ಅಂಟಿಸಿದ ತೊಟ್ಟಿ ಕಟ್ಟಿಕೊಡುತ್ತೇನೆಂದ ಮೇಸ್ತ್ರಿಗೂ ಬೇಡವೆಂದೆ, ನಮ್ಮ ನೀರಿಗೆ ಅದರ ಸಂದುಗಳನ್ನು ಉಜ್ಜುವುದೇ ಕೆಲಸವಾಗುತ್ತಿತ್ತು.

ಉಳಿದದ್ದು ಅಕ್ರಿಲಿಕ್ ಎಂಬ ಗಟ್ಟಿ ಪ್ಲಾಸ್ಟಿಕ್‌ನ ಟಬ್. ಅದರ ತೂಕ 35 ಕಿಲೋ. ಗೋಡೆ ಬದಿಗೆ, ಬೀಮ್ ಮೇಲೆ ಬರುವಂತೆ ಇಡಿ ಎಂದು ಎಂಜಿನಿಯರ್ ಒಪ್ಪಿದರು. ಅಕ್ರಿಲಿಕ್ ಹೆಸರಿನಲ್ಲಿ ಫೈಬರ್ ಮಾರುವವರೂ ಇರುವುದರಿಂದ ಅಂಗಡಿಯಲ್ಲಿ ಹೊಳಪಿನ ಕಡೆ ನೋಡಲಿಲ್ಲ. ಹೆಚ್ಚಾದ ನೀರು ಹೋಗಲು ಮೇಲೆ ಕೊರೆದ ತೂತಿನೊಳಗೆ ಮೊಬೈಲ್ ಟಾರ್ಚ್ ಬಿಟ್ಟು ಕತ್ತರಿಸಿದ ಅಂಚನ್ನು ನೋಡಿದೆ. ನಿಜವಾದ ಅಕ್ರಿಲಿಕ್‌ನಲ್ಲಿ ಹಾಳೆಯ ದಪ್ಪದುದ್ದಕ್ಕೂ ಒಂದೇ ಬಿಳಿ, ಅದರ ಬೆನ್ನಿಗೆ ಫೈಬರ್ ಬಲ. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ನಿಂತೆ. ಮೊದಲು ನಿಂತ ಎರಡು ಟಬ್‌ಗಳ ತಳ ಕುಗ್ಗಿತು. ಮೂರನೆಯದು ಅಲುಗಲಿಲ್ಲ.

ಕೂರಿಸುವ ದಿನ ನಾನು ಪಕ್ಕದಲ್ಲೇ ನಿಂತಿದ್ದೆ. ತಳದಡಿ ಮರಳು ಸಿಮೆಂಟಿನ ಮೆತ್ತೆ ಹಾಕಿಸಿ, ಪೈಪ್ ಕಡೆ ಕೈ ಹೋಗುವಷ್ಟು ಸಣ್ಣ ಬಾಗಿಲು ಬಿಡಿಸಿದೆ. ಗೋಡೆಯ ಸಂದಿಗೆ ಸಿಲಿಕೋನ್ ಹಚ್ಚುವ ಮೊದಲು ಟಬ್ ತುಂಬ ನೀರು ತುಂಬಿಸಿ, ಹಚ್ಚಿದ ಸಿಲಿಕೋನ್ ಗಟ್ಟಿಯಾಗುವ ತನಕ, ಅಂದರೆ ಮರುದಿನದವರೆಗೆ ಹಾಗೆಯೇ ಬಿಡಿಸಿದೆ. ಖಾಲಿ ಟಬ್‌ಗೆ ಹಚ್ಚಿದರೆ, ಮುಂದೆ ನೀರಿನ ಭಾರಕ್ಕೆ ಟಬ್ ತುಸು ಇಳಿದಾಗ ಸಂದಿ ಬಾಯಿಬಿಡುತ್ತದೆ. ಕೆಲಸದವರು ಬೇಡವೆಂದರೂ ಇದೊಂದನ್ನು ಬಿಡಬೇಡಿ.

ಚಳಿಗಾಲದ ಬೆಳಿಗ್ಗೆ ಬೆನ್ನು ಒರಗಿಸಿದರೆ ತಣ್ಣಗೆ ಕೊರೆಯುವುದಿಲ್ಲ. ಅಕ್ರಿಲಿಕ್ ಲೋಹದಷ್ಟು ಬೇಗ ಮೈಯ ಬಿಸಿ ಎಳೆದುಕೊಳ್ಳುವುದಿಲ್ಲ. ಸ್ನಾನವಾದ ಕೂಡಲೇ ಬಟ್ಟೆಯಿಂದ ಒರೆಸಿಬಿಡುತ್ತೇವೆ. ಕರೆ ಕಂಡರೆ ನೀರು ಬೆರೆಸಿದ ವಿನೆಗರ್ ಹಚ್ಚಿ ಚೆನ್ನಾಗಿ ತೊಳೆಯುತ್ತೇವೆ. ಪುಡಿ, ಆಸಿಡ್, ಥಿನ್ನರ್ ಯಾವುದೂ ಹತ್ತಿರ ಸುಳಿಯುವುದಿಲ್ಲ.

ಕಳೆದ ತಿಂಗಳು ಅಮ್ಮನ ಚೊಂಬು ಜಾರಿ ಬಿದ್ದು ತಳದಲ್ಲಿ ಬೆರಳುದ್ದದ ಗೀರು ಬಿತ್ತು. 2000 ನಂಬರಿನ ವಾಟರ್ ಪೇಪರ್, ಅಂದರೆ ಬಹಳ ನಯವಾದ ಉಜ್ಜುಕಾಗದ, ಒದ್ದೆ ಮಾಡಿ ಮೆಲ್ಲಗೆ ಉಜ್ಜಿ, ಪಾಲಿಶ್ ಹಚ್ಚಿದೆ. ಟಾರ್ಚ್ ಓರೆಯಾಗಿ ಹಿಡಿದು ಹುಡುಕಿದೆ, ಗೀರು ಕಾಣಲಿಲ್ಲ. ಚೊಂಬು ಮತ್ತೆ ಟಬ್‌ನ ಅಂಚಿಗೇ ಬಂದು ಕೂತಿದೆ.