ಪಂಚಾಯ್ತಿ ಎಲೆಕ್ಷನ್‌ಗೆ ನಿಲ್ತಿದ್ದೀರಾ? ಫೋನಲ್ಲಿ ಪ್ರಚಾರ ಮಾಡೋದು ಹೇಗೆ ಅಂತ ನಾವು ಕಲ್ತಿದ್ದು

ಗ್ರಾಮ ಪಂಚಾಯ್ತಿಗೆ ನಿಲ್ಬೇಕು ಅಂತಿರೋ ಹುಡುಗರು ಇತ್ತೀಚೆಗೆ ಫೋನ್ ಮಾಡ್ತಾರೆ. ಎಲ್ರೂ ಕೇಳೋದು ಒಂದೇ, ಅಣ್ಣಾ ಫೇಸ್‌ಬುಕ್ ಪೇಜ್ ಮಾಡ್ಲಾ, ಡ್ರೋನ್ ಹಾರ್ಸಿ ಒಂದು ವಿಡಿಯೋ ಮಾಡ್ಸೋಕೆ ಎಷ್ಟಾಗುತ್ತೆ ಅಂತ. ನಾನು ಎಲ್ರಿಗೂ ಹೇಳೋದೂ ಒಂದೇ, ಮೊದ್ಲು ನಿಮ್ಮ ಕ್ಷೇತ್ರದ ವೋಟರ್ ಲಿಸ್ಟ್ ತಗೊಂಡ್ ಬನ್ನಿ, ಆಮೇಲೆ ಫೋನ್ ವಿಷ್ಯ ಮಾತಾಡೋಣ.

2020ರ ಡಿಸೆಂಬರಲ್ಲಿ ನಮ್ ಚಿಕ್ಕಮ್ಮ ಮಹಿಳಾ ಮೀಸಲು ಸೀಟಿಗೆ ನಿಂತಿದ್ರು, ತುಮಕೂರು ಜಿಲ್ಲೆಲಿ. ಕೊರೊನಾ ಟೈಮು, ಗುಂಪು ಕಟ್ಕೊಂಡು ಮೆರವಣಿಗೆ ಮಾಡೋ ಹಾಗಿರ್ಲಿಲ್ಲ, ಕೈಲಿ ದುಡ್ಡೂ ಇರ್ಲಿಲ್ಲ, ಹಾಗಾಗಿ ಫೋನ್ ಕೆಲ್ಸ ಪೂರ್ತಿ ನನ್ ತಲೆ ಮೇಲೆ ಬಿತ್ತು. 9 ವೋಟಲ್ಲಿ ಗೆದ್ರು. ಆ ಒಂಬತ್ತು ವೋಟು ಎಲ್ಲಿಂದ ಬಂತು ಅಂತ ನಂಗೆ ಚೆನ್ನಾಗಿ ಗೊತ್ತಿದೆ, ಅದನ್ನೇ ಇಲ್ಲಿ ಬರೀತಿದೀನಿ.

ಒಂದು ಲೆಕ್ಕ ತಲೇಲಿ ಇಟ್ಕೊಳ್ಳಿ. ಪಂಚಾಯ್ತಿಲಿ ಸುಮಾರು 400 ಜನಸಂಖ್ಯೆಗೆ ಒಬ್ಬ ಮೆಂಬರು. ಅದ್ರಲ್ಲಿ ಮಕ್ಕಳನ್ನ ತೆಗೆದ್ರೆ ವೋಟು ಎಷ್ಟು ಉಳಿಯುತ್ತೆ ನೋಡಿ. ಅಸೆಂಬ್ಲಿ ಎಲೆಕ್ಷನ್ನಲ್ಲೇ 2004ರಲ್ಲಿ ಸಂತೇಮರಹಳ್ಳಿಲಿ ಧ್ರುವನಾರಾಯಣ ಅವ್ರು ಒಂದೇ ಒಂದು ವೋಟಲ್ಲಿ ಗೆದ್ರು, 2023ರಲ್ಲಿ ಜಯನಗರದಲ್ಲಿ ಗೆಲುವಿನ ಅಂತರ 16. ಅಷ್ಟು ದೊಡ್ಡ ಕ್ಷೇತ್ರದಲ್ಲೇ ಹೀಗೆ ಅಂದ್ಮೇಲೆ ಮೂರು ಬೀದಿ ಇರೋ ನಮ್ ಕ್ಷೇತ್ರದಲ್ಲಿ ಒಂದು ಮನೆ ಮುನಿಸ್ಕೊಂಡ್ರೂ ಕಥೆ ಮುಗೀತು. ಹಾಗಾಗಿ ವೈರಲ್ ಆಗೋ ಆಸೆ ಬಿಟ್ಬಿಡಿ. ನಿಮ್ ವಿಡಿಯೋನ ಹುಬ್ಬಳ್ಳಿಲಿ ಹತ್ತು ಸಾವಿರ ಜನ ನೋಡಿದ್ರೆ ನಿಮಗೆ ಒಂದು ವೋಟೂ ಜಾಸ್ತಿ ಆಗಲ್ಲ, ನಿಮ್ ಊರಿನ ಮೇಲಿನ ಬೀದಿಯ ನಲವತ್ತು ಮನೆ ನೋಡ್ಬೇಕು, ಅಷ್ಟೇ.

ವೋಟರ್ ಲಿಸ್ಟು ಪಂಚಾಯ್ತಿ ಆಫೀಸಲ್ಲಿ ಸಿಗುತ್ತೆ. ಅದನ್ನ ಫೋನಲ್ಲೇ ಒಂದು ಶೀಟ್ ಮಾಡಿ ಮನೆ ಪ್ರಕಾರ ಹಾಕ್ಕೊಳ್ಳಿ. ಹೆಸರು, ಫೋನ್ ನಂಬರು, ಈಗ ಎಲ್ಲಿದಾರೆ, ಯಾರ ಮಾತು ಕೇಳ್ತಾರೆ, ಇಷ್ಟು ಸಾಕು. ಇದಕ್ಕೆ ನಂಗೆ ನಾಲ್ಕು ದಿನ ಹಿಡೀತು, ಚಿಕ್ಕಮ್ಮ ಪಕ್ಕದಲ್ಲಿ ಕೂತು ಅವರೆಕಾಯಿ ಸುಲೀತಾ ಒಬ್ಬೊಬ್ರದ್ದೇ ಹೇಳಿದ್ರು, ಇವ್ನು ಪೀಣ್ಯದಲ್ಲಿ ಫ್ಯಾಕ್ಟ್ರಿ, ಇವ್ಳು ಮದ್ವೆ ಆಗಿ ಹೋಗಿದಾಳೆ ಆದ್ರೆ ವೋಟು ಇಲ್ಲೇ ಇದೆ, ಇವ್ರು ಮಗನ ಜೊತೆ ನೆಲಮಂಗಲದಲ್ಲಿದಾರೆ ಅಂತ. ಬರೆದು ಮುಗ್ಸಿ ನೋಡಿದ್ರೆ ನೂರಕ್ಕೂ ಮೇಲೆ ವೋಟು ಊರಲ್ಲೇ ಇಲ್ಲ. ಬೇರೆ ಕ್ಯಾಂಡಿಡೇಟ್‌ಗಳೆಲ್ಲ ಊರಲ್ಲಿರೋರ ಮನೆ ಬಾಗ್ಲು ಸವೆಸ್ತಿದ್ರು, ಈ ನೂರು ಜನರ ಬಗ್ಗೆ ಯಾರೂ ತಲೆ ಕೆಡಿಸ್ಕೊಂಡಿರ್ಲಿಲ್ಲ. ಫೋನ್ ಪ್ರಚಾರದ ನಿಜವಾದ ಜಾಗ ಇದೇ. ಊರಲ್ಲಿರೋರಿಗೆ ನಿಮ್ ಮುಖ ಕಾಣುತ್ತೆ, ನಡ್ಕೊಂಡೇ ಹೋಗ್ಬೋದು. ಊರು ಬಿಟ್ಟೋರಿಗೆ ಫೋನ್ ಒಂದೇ ದಾರಿ.

ಒಂದು ಮಾತು, ಆ ಶೀಟ್ ನಿಮ್ ಹತ್ರಾನೇ ಇರ್ಲಿ. ಜನರ ನಂಬರು, ಯಾರು ಯಾರ ಕಡೆ ಅನ್ನೋದೆಲ್ಲ ಇರುತ್ತೆ, ಗ್ರೂಪಿಗೆ ಹಾಕಿಬಿಟ್ರೆ ಊರಲ್ಲಿ ಜಗಳ ಹಚ್ಚಿದ ಹಾಗೆ, ಅದೂ ಅಲ್ದೆ ನಂಬಿ ನಂಬರ್ ಕೊಟ್ಟೋರಿಗೆ ಮಾಡೋ ದ್ರೋಹ.

ಈಗ ವಾಟ್ಸಾಪ್. ಎಲ್ರೂ ಮಾಡೋ ಮೊದಲ್ನೇ ಕೆಲ್ಸ ಏನಂದ್ರೆ "ನಮ್ಮ ಊರು ನಮ್ಮ ಹೆಮ್ಮೆ" ಅಂತ ಗ್ರೂಪ್ ಮಾಡಿ ಕಂಡೋರ್ನೆಲ್ಲ ಸೇರ್ಸೋದು. ಬೇಡ. ಕೇಳ್ದೆ ಸೇರ್ಸಿದ್ರೆ ಅರ್ಧ ಜನ ಲೆಫ್ಟ್ ಆಗ್ತಾರೆ, ಯಾರು ಲೆಫ್ಟ್ ಆದ್ರು ಅಂತ ಚರ್ಚೆ ಶುರುವಾಗುತ್ತೆ, ಎದುರಾಳಿ ಕಡೆಯವ್ನು ಒಬ್ಬ ಒಳಗಿದ್ದು ರಾತ್ರಿ ಹನ್ನೊಂದಕ್ಕೆ ಏನೋ ಒಂದು ಹಾಕ್ತಾನೆ, ಬೆಳಿಗ್ಗೆ ಅಡ್ಮಿನ್ ಅಂತ ನೀವೇ ಉತ್ತರ ಕೊಡ್ಬೇಕು. ಅದ್ರ ಬದ್ಲು ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡಿ. ಒಂದು ಲಿಸ್ಟಲ್ಲಿ 256 ಜನ ಹಿಡಿಸ್ತಾರೆ, ಮೆಸೇಜ್ ಒಬ್ಬೊಬ್ರಿಗೂ ಬೇರೆ ಬೇರೆಯಾಗಿ ಹೋಗುತ್ತೆ, ಅವ್ರು ಉತ್ತರ ಕೊಟ್ರೆ ನಿಮಗೆ ಮಾತ್ರ ಕಾಣುತ್ತೆ. ಆದ್ರೆ ಒಂದು ಕಂಡೀಷನ್ ಇದೆ, ಅವ್ರ ಫೋನಲ್ಲಿ ನಿಮ್ ನಂಬರ್ ಸೇವ್ ಆಗಿದ್ರೆ ಮಾತ್ರ ತಲುಪುತ್ತೆ. ಇದು ಗೊತ್ತಿಲ್ದೆ ಎಷ್ಟೋ ಜನ ಗಾಳಿಗೆ ಮೆಸೇಜ್ ಕಳಿಸ್ತಾ ಕೂತಿರ್ತಾರೆ.

ಹಾಗಾಗಿ ನಂಬರ್ ಸೇವ್ ಮಾಡ್ಸೋದೇ ದೊಡ್ಡ ಕೆಲ್ಸ. ಮನೆಗೆ ಹೋದಾಗ ಪಾಂಪ್ಲೆಟ್ ಕೊಟ್ಟು ಬರೋದಲ್ಲ, "ಅಕ್ಕಾ ನಿಮ್ ಫೋನ್ ಕೊಡಿ, ಚಿಕ್ಕಮ್ಮನ ನಂಬರ್ ಹಾಕ್ಕೊಡ್ತೀನಿ, ನೀರು ಬರ್ಲಿಲ್ಲ ಅಂದ್ರೆ ಇದಕ್ಕೇ ಮಾಡಿ" ಅಂತ ಕೇಳಿ, ಅವ್ರ ಮುಂದೇನೇ ಸೇವ್ ಮಾಡಿ, ಅಲ್ಲಿಂದ ಒಂದು ಮಿಸ್ಡ್ ಕಾಲ್ ಕೊಟ್ಕೊಂಡು ಬರೋದು. ಬೇಡ ಅಂದ್ರೆ ಬಲವಂತ ಬೇಡ. ಸಾವ್ರ ರೂಪಾಯಿಗೆ ಲಕ್ಷ ಮೆಸೇಜ್ ಕಳಿಸ್ತೀವಿ ಅನ್ನೋ ಏಜೆಂಟ್‌ಗಳ ಸಹವಾಸ ಬೇಡ್ವೇ ಬೇಡ, ಪ್ರಚಾರದ ಮಧ್ಯೆ ನಂಬರ್ ಬ್ಯಾನ್ ಆದ್ರೆ ಅಲ್ಲಿವರ್ಗೂ ಕಟ್ಟಿದ್ದೆಲ್ಲ ಹೋಯ್ತು. ಫಾರ್ವರ್ಡ್ ನಂಬ್ಕೊಂಡೂ ಕೂರ್ಬೇಡಿ. ನಮ್ ದೇಶದಲ್ಲಿ 2018ರಿಂದ ಒಂದ್ಸಲಕ್ಕೆ ಐದೇ ಚಾಟ್‌ಗೆ ಫಾರ್ವರ್ಡ್ ಆಗೋದು, ತುಂಬಾ ಸಲ ಫಾರ್ವರ್ಡ್ ಆಗಿರೋದಾದ್ರೆ 2020ರಿಂದ ಒಂದೊಂದೇ ಚಾಟ್‌ಗೆ.

ಮೆಸೇಜಲ್ಲಿ ಏನಿರ್ಬೇಕು ಅನ್ನೋದು ನಂಗೆ ಎಲ್ಲಕ್ಕಿಂತ ಮುಖ್ಯ ಅನ್ಸೋ ವಿಷ್ಯ. ನಾನು ಮೊದಲ್ನೇ ದಿನ ಒಂದು ಹಾಳೆಲಿ ಬರ್ಕೊಟ್ಟೆ, "ತಮ್ಮ ಅಮೂಲ್ಯವಾದ ಮತವನ್ನು ನೀಡಿ ಪ್ರಚಂಡ ಬಹುಮತದಿಂದ ಆರಿಸಿ ತರಬೇಕಾಗಿ ವಿನಂತಿ" ಅಂತ. ಚಿಕ್ಕಮ್ಮ ಅದನ್ನ ಓದ್ತಾ ಓದ್ತಾ ಮೂರ್ಸಲ ತಡವರಿಸಿದ್ರು, ಆಮೇಲೆ ಹಾಳೆ ಪಕ್ಕಕ್ಕಿಟ್ಟು ಕೊಟ್ಟಿಗೆಗೆ ಹೋಗ್ಬಿಟ್ರು. ನಾನೂ ಫೋನ್ ಹಿಡ್ಕೊಂಡು ಹಿಂದೆ ಹೋದೆ. ಹುಲ್ಲು ಹಾಕ್ತಾ ಅವ್ರು ತಮ್ ಪಾಡಿಗೆ ಮಾತಾಡ್ತಿದ್ರು, "ಮೇಲಿನ ಬೀದಿಗೆ ಮೂರು ದಿನಕ್ಕೊಂದ್ಸಲ ನೀರು ಬರ್ತದೆ, ಅದೂ ಎಲ್ಲಾರೂ ಹೊಲಕ್ಕೆ ಹೋದ ಹೊತ್ನಲ್ಲಿ. ನೀರುಗಂಟಿನ ಬೈದು ಏನು ಬಂತು, ಅವ್ನಿಗೆ ಟೈಮ್ ಹೇಳೋರೇ ಇಲ್ಲ. ಬೆಳಿಗ್ಗೆ ಆರಕ್ಕೆ ಬಿಡ್ಸೋದು ಏನು ಮಹಾ ಕೆಲ್ಸ." ಅದನ್ನೇ ಇನ್ನೊಂದ್ಸಲ ಹೇಳಿ ಅಂದು ವಾಯ್ಸ್ ನೋಟ್ ಮಾಡ್ದೆ. ನಲವತ್ತು ಸೆಕೆಂಡು, ಮಧ್ಯದಲ್ಲಿ ಕರು ಕೂಗಿದ್ದೂ ಇದೆ, ತೆಗೀಲಿಲ್ಲ. ಅವತ್ತು ಸಂಜೆ ಬೆಂಗಳೂರಿನ ಲಗ್ಗೆರೆಯಿಂದ ನಮ್ಮೂರಿನೋರೊಬ್ರು ಫೋನ್ ಮಾಡಿ, ಅಕ್ಕನ ಧ್ವನಿ ಕೇಳಿ ನಮ್ಮವ್ವನ ನೆನಪಾಯ್ತು, ಅವ್ಳೂ ಇದೇ ನೀರಿಗೆ ಕಾದು ಕಾದು ಸಾಕಾಗಿದ್ಲು ಅಂದ್ರು. ಅವ್ರ ಮನೇಲಿ ನಾಲ್ಕು ವೋಟು, ನಾಲ್ಕೂ ಬಂತು.

ವಾಯ್ಸ್ ನೋಟ್‌ದು ಇನ್ನೊಂದು ಅನುಕೂಲ, ಓದೋಕೆ ಬರ್ದೆ ಇರೋ ವಯಸ್ಸಾದೋರ್ಗೂ ತಲುಪುತ್ತೆ, ಮೊಮ್ಮಕ್ಕಳು ಜೋರಾಗಿ ಹಾಕಿ ಕೇಳಿಸ್ತಾರೆ. ಚಿಕ್ಕದಾಗಿರ್ಲಿ, ಒಂದು ನೋಟಲ್ಲಿ ಒಂದೇ ವಿಷ್ಯ, ಬೀದಿ ಹೆಸರು ಹಿಡಿದು ಹೇಳಿ. ಮೇಲಿನ ಬೀದಿಗೆ ನೀರು, ಕಾಲೋನಿಗೆ ಚರಂಡಿ, ಸ್ಕೂಲ್ ಹತ್ರ ಬೀದಿ ದೀಪ, ಇ-ಸ್ವತ್ತು (ಪಂಚಾಯ್ತಿ ಕೊಡೋ ಆಸ್ತಿ ದಾಖಲೆ) ಆಗ್ದೆ ನಿಂತಿರೋ ಮನೆಗಳು. ಪಂಚಾಯ್ತಿ ಕೈಲಿ ಆಗೋದನ್ನ ಮಾತ್ರ ಹೇಳಿ. ಕೆರೆಗೆ ನದಿ ನೀರು ತುಂಬ್ಸ್ತೀನಿ, ಎಲ್ಲಾ ಹುಡುಗರಿಗೂ ಕೆಲ್ಸ ಕೊಡಿಸ್ತೀನಿ ಅಂದ್ರೆ ಅದು ಫೋನಲ್ಲಿ ಉಳ್ಕೊಂಡು ಐದು ವರ್ಷ ನಿಮ್ ಹಿಂದೇನೇ ಬರುತ್ತೆ.

ಹೆಣ್ಮಕ್ಕಳು ನಿಂತಿರೋ ಕಡೆ ಪೋಸ್ಟರ್ ನೋಡಿದ್ರೆ ನಂಗೆ ಬೇಜಾರಾಗುತ್ತೆ, ಗಂಡನ ಫೋಟೋ ದೊಡ್ಡದು, ಕೈ ಮುಗ್ದಿರೋ ಹೆಂಡ್ತಿ ಮೂಲೇಲಿ ಸ್ಟಾಂಪ್ ಸೈಜು. ಪಂಚಾಯ್ತಿಲಿ ಅರ್ಧ ಸೀಟು ಹೆಣ್ಮಕ್ಕಳಿಗೆ ಅಂತ ಇರೋದು ಇದಕ್ಕಲ್ಲ. ಹೆಣ್ಮಕ್ಕಳ ವೋಟು ಬೇಕಂದ್ರೆ ಅವ್ರ ಮುಖಾನೇ ಇರ್ಲಿ, ಅವ್ರ ಧ್ವನಿನೇ ಇರ್ಲಿ, ಸ್ಟೇಟಸ್ಸೂ ಅವ್ರೇ ಹಾಕ್ಲಿ. ಎರಡು ದಿನ ಹೇಳ್ಕೊಟ್ರೆ ಬರುತ್ತೆ. ಸ್ತ್ರೀಶಕ್ತಿ ಸಂಘದೋರು ಚಿಕ್ಕಮ್ಮನ ಸ್ಟೇಟಸ್ ನೋಡಿ ತಾವೂ ಹಾಕ್ಕೊಳ್ಳೋಕೆ ಶುರು ಮಾಡಿದ್ರು, ಹಾಗೆ ಹಾಕಿ ಅಂತ ನಾನು ಯಾರಿಗೂ ಹೇಳಿರ್ಲಿಲ್ಲ.

ಫೇಸ್‌ಬುಕ್, ಇನ್‌ಸ್ಟಾಗ್ರಾಂ ಬಗ್ಗೆ ಜಾಸ್ತಿ ಹೇಳೋದಿಲ್ಲ. ಮೊದಲ್ನೇ ಸಲ ವೋಟ್ ಹಾಕೋ ಹುಡುಗ್ರಿಗೆ ವಾರಕ್ಕೆ ಎರಡು ಮೂರು ರೀಲ್ಸ್ ಸಾಕು, ಕಿತ್ತೋಗಿರೋ ಚರಂಡಿ ಮುಂದೆ ನಿಂತು ಮಾತಾಡಿ. ದುಡ್ಡು ಕೊಟ್ಟು ರಾಜಕೀಯ ಜಾಹೀರಾತು ಹಾಕ್ಬೇಕಂದ್ರೆ ಫೇಸ್‌ಬುಕ್ ಕಂಪನಿಯೋರು ಗುರುತಿನ ಚೀಟಿ ತಗೊಂಡು ವೆರಿಫೈ ಮಾಡ್ತಾರೆ, ದುಡ್ಡು ಯಾರದ್ದು ಅನ್ನೋದೂ ಜಾಹೀರಾತಲ್ಲಿ ಕಾಣ್ಬೇಕು, ಇದು 2019ರಿಂದ ಇದೆ. ಅಷ್ಟೆಲ್ಲ ಒದ್ದಾಡಿ ಎರಡು ಬೀದಿಗೆ ಜಾಹೀರಾತು ಹಾಕೋದ್ರಲ್ಲಿ ಅರ್ಥ ಇಲ್ಲ. ದೊಡ್ಡ ಎಲೆಕ್ಷನ್ ನೋಡಿ ಕಾಪಿ ಹೊಡೀಲೂಬೇಡಿ. 2022ರ ಸೆಪ್ಟೆಂಬರಲ್ಲಿ ಕಾಂಗ್ರೆಸ್‌ನೋರು ಆಗಿನ ಮುಖ್ಯಮಂತ್ರಿ ಬೊಮ್ಮಾಯಿ ಅವ್ರ ಮುಖ ಹಾಕಿ, ಕಮಿಷನ್ ಆರೋಪ ಮಾಡಿ, ಪೇಟಿಎಂ ಕ್ಯೂಆರ್ ಕೋಡ್ ಥರ ಪೇಸಿಎಂ ಪೋಸ್ಟರ್‌ನ ಬೆಂಗಳೂರಿನ ಗೋಡೆಗಳಿಗೆ ಅಂಟಿಸಿದ್ರು, ಗೋಡೆ ಮೇಲೆ ನೋಡಿದೋರಿಗಿಂತ ಫೋನಲ್ಲಿ ನೋಡಿದೋರೇ ಜಾಸ್ತಿ. ಅದು ರಾಜ್ಯದ ಎಲೆಕ್ಷನ್ ಲೆಕ್ಕ. ಊರಲ್ಲಿ ನೀವು ಯಾರ ಮೇಲೆ ಪೋಸ್ಟರ್ ಮಾಡ್ತೀರೋ ಅವ್ರೇ ಬೆಳಿಗ್ಗೆ ಡೇರಿಲಿ ಹಾಲು ಹಾಕೋಕೆ ನಿಮ್ ಮುಂದೆ ನಿಂತಿರ್ತಾರೆ, ಅವ್ರ ಅಣ್ಣತಮ್ಮಂದಿರ ಮನೆ ವೋಟೂ ನಿಮಗೆ ಬೇಕು.

ಚಿಹ್ನೆ ಸಿಗೋದು ನಾಮಪತ್ರ ವಾಪಸ್ ತಗೊಳ್ಳೋ ದಿನ ಮುಗಿದ್ಮೇಲೆ. ಪಂಚಾಯ್ತಿಲಿ ಪಾರ್ಟಿ ಚಿಹ್ನೆ ಇಲ್ವಲ್ಲ, ಹಾಗಾಗಿ ನಿಮ್ ಹೆಸರು ಜನಕ್ಕೆ ಗೊತ್ತಿದ್ರೂ ನಿಮ್ ಚಿಹ್ನೆ ಗೊತ್ತಿರಲ್ಲ. ಆ ದಿನದಿಂದ ಬೇರೆ ಎಲ್ಲಾ ನಿಲ್ಸಿ ಚಿಹ್ನೆ ಒಂದೇ. ಪ್ರೊಫೈಲ್ ಫೋಟೋ, ಸ್ಟೇಟಸ್, ಎಲ್ಲಾ ಕಡೆ ಅದೇ. ಇದ್ರ ಜೊತೆಗೇ ವೋಟ್ ಹಾಕೋದು ಹೇಗೆ ಅಂತ ಒಂದು ವಿಡಿಯೋ ಬೇಕೇ ಬೇಕು. 2020ರಲ್ಲಿ ಬೀದರ್ ಬಿಟ್ರೆ ಎಲ್ಲಾ ಕಡೆ ಬ್ಯಾಲೆಟ್ ಪೇಪರ್ರು, ನಮ್ ಕ್ಷೇತ್ರದಲ್ಲಿ ಮೂರು ಸೀಟು, ಅಂದ್ರೆ ಒಬ್ರು ಮೂರು ಜನಕ್ಕೆ ಸೀಲ್ ಒತ್ಬೋದು, ನಾಲ್ಕು ಒತ್ತಿದ್ರೆ ಕುಲಗೆಟ್ಟ ಮತ. ಎರಡು ಚಿಹ್ನೆ ಮಧ್ಯದ ಗೆರೆ ಮೇಲೆ ಬಿದ್ರೂ ತಕರಾರು. ಸ್ಲೇಟ್ ಮೇಲೆ ಚೌಕ ಬರ್ದು, ಬಾಟ್ಲಿ ಮುಚ್ಚಳ ಸೀಲ್ ಥರ ಒತ್ತಿ ತೋರ್ಸಿ ಒಂದು ನಿಮಿಷದ ವಿಡಿಯೋ ಮಾಡಿದ್ವಿ. ಎದುರಾಳಿ ಕಡೆಯೋರೂ ಅದನ್ನ ಹಂಚ್ಕೊಂಡ್ರು.

ಊರು ಬಿಟ್ಟೋರಿಗೆ ಹತ್ತು ದಿನ ಮುಂಚೆನೇ ಫೋನ್ ಹೋಗ್ಬೇಕು, ಮೆಸೇಜಲ್ಲ, ಫೋನು. ನಮ್ದು ಮೊದಲ್ನೇ ಹಂತ, ಡಿಸೆಂಬರ್ 22, ಮಂಗಳವಾರ. ಫ್ಯಾಕ್ಟ್ರಿಲಿ ರಜೆ ಕೇಳ್ಬೇಕು, ಶಿಫ್ಟ್ ಬದಲಾಯಿಸ್ಕೋಬೇಕು, ಹಿಂದಿನ ದಿನ ಹೇಳಿದ್ರೆ ಬರೋದು ಹೇಗೆ. ಬಸ್ಸು, ಟ್ರೈನ್ ಟೈಮು, ಬೂತ್ ಎಲ್ಲಿ, ಲಿಸ್ಟಲ್ಲಿ ಅವ್ರ ಕ್ರಮಸಂಖ್ಯೆ ಎಷ್ಟು ಅಂತ ಒಬ್ಬೊಬ್ರಿಗೂ ಬೇರೆ ಬೇರೆ ಕಳ್ಸಿದ್ವಿ. ಬಸ್ ಚಾರ್ಜ್ ಕೊಡ್ತೀವಿ, ಗಾಡಿ ಮಾಡ್ಕೊಡ್ತೀವಿ ಅಂತ ಮಾತ್ರ ಹೇಳ್ಬೇಡಿ, ಅದು ಚುನಾವಣಾ ಅಕ್ರಮ. ಜಾತಿ ಹೆಸ್ರಲ್ಲಿ, ದೇವ್ರ ಹೆಸ್ರಲ್ಲಿ ವೋಟ್ ಕೇಳೋದೂ ಅಷ್ಟೇ. ನಮ್ಮೋರು ನಮ್ಮೋರಿಗೇ ಹಾಕ್ಬೇಕು ಅಂತ ನಿಮ್ ಕಡೆಯವ್ನು ಯಾರಾದ್ರೂ ಹಾಕಿದ್ರೆ ಕೂಡ್ಲೇ ಡಿಲೀಟ್ ಮಾಡ್ಸಿ, ಕೇಸಿನ ಭಯಕ್ಕಲ್ಲ, ಎಲೆಕ್ಷನ್ ಮುಗಿದ್ಮೇಲೂ ಆ ಊರಲ್ಲೇ ಬಾಳ್ಬೇಕು.

ಕೊನೇ ಎರಡು ರಾತ್ರಿ ಸುಳ್ಳು ಸುದ್ದಿ ಬಂದೇ ಬರುತ್ತೆ. ನಮಗೆ ಬಂದಿದ್ದು, ಚಿಕ್ಕಮ್ಮ ಕಣದಿಂದ ಹಿಂದೆ ಸರಿದು ಇನ್ನೊಬ್ರಿಗೆ ಬೆಂಬಲ ಕೊಟ್ಟಿದಾರೆ ಅಂತ, ಯಾರದ್ದೋ ಧ್ವನಿಲಿ ಆಡಿಯೋ. ಇದಕ್ಕೆ ಮೊದ್ಲೇ ತಯಾರಿ ಬೇಕು. ಪ್ರಚಾರ ಶುರುವಾದ ದಿನಾನೇ ನಾವು ಹೇಳಿಟ್ಟಿದ್ವಿ, ಈ ನಂಬರಿಂದ ಬಂದಿದ್ದು ಮಾತ್ರ ನಮ್ದು, ಅನುಮಾನ ಬಂದ್ರೆ ಇದಕ್ಕೇ ಫೋನ್ ಮಾಡಿ ಅಂತ. ಅವತ್ತು ರಾತ್ರಿ ಮೂವತ್ತಕ್ಕೂ ಹೆಚ್ಚು ಕಾಲ್ ಬಂತು, ಚಿಕ್ಕಮ್ಮಾನೇ ಎತ್ತಿ ಮಾತಾಡಿದ್ರು. ಆಡಿಯೋ ಸೇವ್ ಮಾಡಿ, ಯಾವ ನಂಬರಿಂದ ಎಷ್ಟು ಹೊತ್ತಿಗೆ ಬಂತು ಅಂತ ಸ್ಕ್ರೀನ್‌ಶಾಟ್ ತೆಗ್ದು ಚುನಾವಣಾಧಿಕಾರಿಗೆ ಬರ್ದು ಕೊಟ್ವಿ. ತಿರುಗಿ ನಾವೂ ಒಂದು ಬಿಡೋಣ ಅಂತ ಕೆಲವ್ರು ಕುಣಿದ್ರು, ಚಿಕ್ಕಮ್ಮ ಒಪ್ಲಿಲ್ಲ. ಈಗಂತೂ ಎಐ ಬಂದು ಯಾರ ಧ್ವನಿ ಬೇಕಾದ್ರೂ ಮಾಡ್ತಾರೆ, 2024ರ ಲೋಕಸಭಾ ಚುನಾವಣೆಲಿ ಅಂಥದ್ದು ಗಮನಕ್ಕೆ ಬಂದ್ರೆ 3 ಗಂಟೆ ಒಳಗೆ ತೆಗೀಬೇಕು ಅಂತ ಚುನಾವಣಾ ಆಯೋಗ ಪಾರ್ಟಿಗಳಿಗೆ ಹೇಳಿತ್ತು. ಜನಕ್ಕೆ ನಿಮ್ ನಿಜವಾದ ಧ್ವನಿ ಮೊದ್ಲೇ ಪರಿಚಯ ಇದ್ರೆ ಅರ್ಧ ಅಪಾಯ ಕಮ್ಮಿ.

ಬಹಿರಂಗ ಪ್ರಚಾರ ಮುಗಿದ್ಮೇಲೆ ವೋಟ್ ಕೇಳೋ ಸ್ಟೇಟಸ್, ರೀಲ್ಸ್ ಎಲ್ಲಾ ನಿಲ್ಸಿ. ಬ್ಯಾಲೆಟ್ ಪೇಪರ್ ಫೋಟೋ ತೆಗ್ದು ಹಾಕ್ಬೇಡಿ ಅಂತ ಹುಡುಗ್ರಿಗೆ ಒಂದೊಂದೇ ಫೋನ್ ಮಾಡಿ ಹೇಳಿ, ಪ್ರತಿ ಸಲ ಯಾರಾದ್ರೊಬ್ರು ಉತ್ಸಾಹದಲ್ಲಿ ಹಾಕಿ ಸಿಕ್ಕಾಕ್ಕೊಳ್ತಾರೆ, ಮತ ಗೌಪ್ಯವಾಗಿರ್ಬೇಕು.

ಎಣಿಕೆ ಡಿಸೆಂಬರ್ 30. ಹಿಂದಿನ ರಾತ್ರಿನೇ ಎರಡು ವಾಯ್ಸ್ ನೋಟ್ ಮಾಡಿಟ್ಕೊಂಡಿದ್ವಿ, ಗೆದ್ರೆ ಒಂದು, ಸೋತ್ರೆ ಒಂದು, ಎರಡ್ರಲ್ಲೂ ಎದುರು ನಿಂತೋರ ಹೆಸರು ಹೇಳಿ ಧನ್ಯವಾದ ಇತ್ತು. ಗೆದ್ದಿದ್ದು ಕಳ್ಸಿದ್ವಿ. ಆ ಬ್ರಾಡ್‌ಕಾಸ್ಟ್ ಲಿಸ್ಟ್ ಡಿಲೀಟ್ ಮಾಡ್ಲಿಲ್ಲ. ಮೊದಲ್ನೇ ತಿಂಗಳಲ್ಲೇ ನೀರುಗಂಟಿ ಜೊತೆ ಕೂತು ಮಾತಾಡಿ, ನಾಳೆ ಬೆಳಿಗ್ಗೆ ಆರಕ್ಕೆ ಮೇಲಿನ ಬೀದಿಗೆ ನೀರು ಬಿಡ್ತಾರೆ ಅಂತ ಚಿಕ್ಕಮ್ಮ ಅದೇ ಲಿಸ್ಟಿಗೆ ಹೇಳಿದ್ರು. ಲಗ್ಗೆರೆಲಿರೋರಿಗೂ ಹೋಯ್ತು, ಅವ್ರಿಗೆ ಆ ನೀರಿಂದ ಏನೂ ಆಗ್ಬೇಕಿಲ್ಲ, ಆದ್ರೂ ಅಲ್ಲಿಂದಾನೇ ಮೊದ್ಲು ಉತ್ತರ ಬಂತು, ಬಂತಾ ಅಕ್ಕಾ ನೀರು, ಅಂತ.